ಚೌಡವ್ವನಿಗೆ ಭಯಾನಕ ಸಂಗೀತ ಬೇಡ

ಕಾಡಿನ ದೈವ, ದೆವ್ವ ಅಂತ ಇಟ್ಟುಕೊಂಡು ಈಗ ಯಾರೇ ಟ್ಯೂನ್ ಮಾಡಲಿ, ಅದೇ ಸಾಮಾನು. ಉದ್ದಕ್ಕೆ ಎಳೆದ ಕೊಳಲು, ಹಿಂದೆ ಜೀರುಂಡೆ ಸದ್ದು, ಮೇಲೆ ಗುಹೆಯೊಳಗೆ ಹಾಡಿದಂಥ ಎಕೋ. ಕೇಳೋಕೆ ಚೆನ್ನಾಗಿಯೇ ಇರುತ್ತೆ. ಆದರೆ ನಮ್ಮ ಮೂಡಿಗೆರೆ ಕಡೆ ಚೌಡವ್ವ ಅಂತ ಕರೆಯುವ ಬನದ ದೈವ ಚೌಡಿಗೂ ಅದಕ್ಕೂ ಏನು ಸಂಬಂಧ ಅಂತ ನನಗೆ ಅರ್ಥವಾಗಿಲ್ಲ. ತೋಟದ ಕೆಲಸಕ್ಕೆ ಬರುವ ಅಕ್ಕ ಒಬ್ಬರಿಗೆ ಅಂಥದ್ದೊಂದನ್ನು ಮೊಬೈಲಿನಲ್ಲಿ ಕೇಳಿಸಿದೆ. ಅರ್ಧ ನಿಮಿಷ ಕೇಳಿ, "ಯಾರ್ ಸತ್ತೋದ್ರು?" ಅಂದರು.

ಚೌಡಿ ಅಂದರೆ ಇಲ್ಲಿ ಹೆದರಿ ಓಡುವ ವಿಷಯ ಅಲ್ಲ, ವ್ಯವಹಾರದ ವಿಷಯ. ಸುತ್ತ ಕಾಫಿ ಗಿಡ, ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ನಡುವೆ ಒಂದು ತುಂಡು ಜಾಗಕ್ಕೆ ಮಾತ್ರ ಯಾರೂ ಕತ್ತಿ ಹಾಕಿಲ್ಲ, ಅದೇ ಬನ. ಗೋಣಿ ಮರದ ಬುಡದಲ್ಲಿ ಪಾಚಿ ಹಿಡಿದ ಕಲ್ಲು, ಮಳೆಗೆ ಕರಗಿ ಇಳಿದ ಕುಂಕುಮ, ಹಸಿರು ಗಾಜಿನ ಬಳೆ, ತುಕ್ಕು ಹಿಡಿದ ಸಣ್ಣ ತ್ರಿಶೂಲ. ಅಷ್ಟೇ. ದನ ತಪ್ಪಿಸಿಕೊಂಡರೆ ಅಲ್ಲಿ ನಿಂತು, "ನೋಡವ್ವ, ಕರು ಮನೆಗೆ ಬರಲಿ, ನಿನಗೆ ಕೋಳಿ ಬಿಡ್ತೀವಿ" ಅನ್ನುತ್ತಾರೆ. ಬರದಿದ್ದರೆ ಬೈಯುವುದೂ ಉಂಟು!

ಹಾಗಾಗಿ ಚೌಡವ್ವನ ಹಾಡಿಗೆ ನಾನು ಮಾಡುತ್ತಿರುವ ಟ್ಯೂನ್ ಮಾತಿನ ಹತ್ತಿರವೇ ಇರಬೇಕು ಅಂತ ಹಟ. ಸ, ರಿ, ಮ, ಪ ಇಷ್ಟೇ ಸ್ವರ. ಮೇಲೆ ನಿ ಸೇರಿಸಿದರೆ ಮಧ್ಯಮಾವತಿ ರಾಗ ಆಗಿಬಿಡುತ್ತೆ, ಸಂಗೀತ ಕಚೇರಿ ವಾಸನೆ ಬರುತ್ತೆ, ಬೇಡ. ಏರು ಹತ್ತುತ್ತಾ ಹಾಡಬೇಕಾದ ಹಾಡು, ತಾರಸ್ಥಾಯಿಗೆ, ಅಂದರೆ ತೀರಾ ಮೇಲಿನ ದನಿಗೆ, ಹೋದರೆ ಉಸಿರು ಎಲ್ಲಿಂದ ತರೋದು?

ಸಾಹಿತ್ಯಕ್ಕೆ ತ್ರಿಪದಿ ಹಿಡಿದೆ:

ಗೋಣಿಯ ಮರದಡಿ ಕುಂತಿರುವ ಚೌಡವ್ವ
ಕಾಣದ ಕರುವ ಕರೆತಾರೆ – ಕೋಳಿಯ
ಜಾಣೆ ನಿನಗಂತ ಬಿಡತೀವಿ

ಬರೆದಾಗ ಮೂರೇ ಸಾಲು. ಹಾಡುವಾಗ ಎರಡನೇ ಸಾಲು ಮತ್ತೆ ಬಂದು ನಾಲ್ಕಾಗುತ್ತೆ, ನಮ್ಮ ಬೀಸುವ ಕಲ್ಲಿನ ಪದಗಳು ಹೆಚ್ಚಾಗಿ ಹೀಗೇ. "ಕರೆತಾರೆ" ಅಂತ ಮೊದಲ ಸಲ ಪ ಮೇಲೆ ನಿಲ್ಲಿಸಿ, ಎರಡನೇ ಸಲ ರಿ ಗೆ ಇಳಿಸಿದೆ. ಮೊದಲನೆಯದು ಕೇಳಿಕೊಳ್ಳೋದು, ಎರಡನೆಯದು ಚೌಕಾಸಿ. ಕೊನೆ ಸಾಲನ್ನೂ ಸ ಗೆ ತಂದು ಮುಗಿಸಿಲ್ಲ, ರಿ ಯಲ್ಲೇ ಬಿಟ್ಟಿದ್ದೇನೆ, ಹಿಂದಿನವರು ಅಲ್ಲಿಂದ ಎತ್ತಿಕೊಳ್ಳಲಿ ಅಂತ. ದೀಪಾವಳಿಯಲ್ಲಿ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಮನೆಯಿಂದ ಮನೆಗೆ ಹೋಗುವಾಗ ಮುಂದಿನವರು ಹೇಳಿದ್ದನ್ನು ಹಿಂದಿನವರು ಹಿಡಿಯುತ್ತಾರಲ್ವಾ, ಆ ಓಟ ಬೇಕು ನನಗೆ.

ಹಕ್ಕಿಯಿಂದ ಟ್ಯೂನ್ ಕದಿಯಬಹುದು ಅನ್ನುವವರಿದ್ದಾರೆ. ಮಲಬಾರ್ ವಿಸ್ಲಿಂಗ್ ಥ್ರಷ್ ಮಳೆಗಾಲದ ಬೆಳಗಿನ ಜಾವ ಹಳ್ಳದ ಪಕ್ಕ ಕೂತು, ಥೇಟ್ ಮನುಷ್ಯರ ಥರ ಸಿಳ್ಳೆ ಹಾಕುತ್ತೆ. ಆದರೆ ಅದಕ್ಕೆ ತಾಳವೂ ಇಲ್ಲ, ಪಲ್ಲವಿಯೂ ಇಲ್ಲ, ಸುಮ್ನೆ ಅಲೆಯುತ್ತಾ ಹೋಗುತ್ತೆ. ಹಾಗೇ ತಂದರೆ ಹತ್ತು ಜನ ಸೇರಿ ಹಾಡೋಕೆ ಆಗಲ್ಲ. ಅದರಿಂದ ನಾನು ತೆಗೆದುಕೊಂಡಿದ್ದು ನಡುನಡುವೆ ಬಿಡುವ ಜಾಗ ಮಾತ್ರ.

ಮುಂದಿನದು ಕೊಳ್ಳಿದೆವ್ವದ ಮೇಲೆ. ಮಳೆಗಾಲದಲ್ಲಿ ಪಶ್ಚಿಮ ಘಟ್ಟದ ಕೊಳೆತ ಮರದ ಮೇಲೆ ಹಸಿರಾಗಿ ಮಿನುಗುವ ಒಂದು ಜಾತಿ ಅಣಬೆ ಇದೆ. ಕತ್ತಲಲ್ಲಿ ಅದನ್ನು ನೋಡಿಯೇ ಎಷ್ಟು ಕತೆ ಹುಟ್ಟಿದವೋ. ಅದಕ್ಕೆ ಮಕ್ಕಳು ಹಾಡುವಂಥ, ಅಣಕಿಸುವ ಟ್ಯೂನ್ ಮಾಡೋಣ ಅಂತಿದ್ದೇನೆ. ಕೊಳಲು ನುಡಿಸುವ ಗೆಳೆಯನಿಗೆ ಅದರಲ್ಲಿ ಜಾಗ ಕೊಡ್ತೀನಿ ಅಂದಿದ್ದೇನೆ. ಚೌಡವ್ವನ ಹಾಡಿಗೆ ಕೊಳಲು ಬೇಡ ಅಂದಿದ್ದಕ್ಕೆ ಅವನು ಇನ್ನೂ ಮುನಿಸಿಕೊಂಡಿದ್ದಾನೆ.