ಅಳಿಲು ಎಂತ ಹೇಳ್ತದೆ?

17 ಡಿಸೆಂಬರ್ 2023, ರವಿವಾರ. ಕತಗಾಲ.

ರಾತ್ರಿ ಹತ್ತೂವರೆ. ನಾಳೆ ಮೊದಲ ಬಸ್ಸಿಗೆ ಕುಮಟಾಕ್ಕೆ ಹೋಗಿ ಅಲ್ಲಿಂದ ಕಾರವಾರದ ಬಸ್ಸು ಹಿಡಿಯಬೇಕು. ಬ್ಯಾಗ್ ಇನ್ನೂ ತುಂಬಿಲ್ಲ. ಆದರೂ ಇದನ್ನು ಇವತ್ತೇ ಬರೆದಿಡದಿದ್ದರೆ ನಾಳೆ ಆಫೀಸಿನ ಗಡಿಬಿಡಿಯಲ್ಲಿ ಅರ್ಧ ಮರೆತುಹೋಗುತ್ತದೆ ಅಂತ ಕೂತಿದ್ದೇನೆ.

ಮಧ್ಯಾಹ್ನ ಊಟ ಆಗಿತ್ತು. ಅಮ್ಮ ಮಲಗಿದ್ದಳು. ಅಂಗಳದ ತುಂಬ ಅಡಿಕೆ ಒಣಹಾಕಿತ್ತು. ಅಪ್ಪ ಜಗಲಿಯಲ್ಲಿ ಕವಳದ ಸಂಚಿ ಬಿಚ್ಚಿಕೊಂಡು ಕೂತಿದ್ದ, ನಾನು ಕಂಬಕ್ಕೆ ಒರಗಿ ಮೊಬೈಲ್ ನೋಡ್ತಾ ಇದ್ದೆ. ಬಚ್ಚಲುಮನೆ ಹಿಂದಿನ ಹಲಸಿನ ಮರದಲ್ಲಿ ಅಳಿಲು ಕೂಗಲು ಶುರು ಮಾಡಿತು. ಚಿಪ್, ಚಿಪ್, ಚಿಪ್ ಅಂತ ಒಂದೇ ಸಮ. ಐದು ನಿಮಿಷ ಆಯ್ತು, ಹತ್ತು ನಿಮಿಷ ಆಯ್ತು, ನಿಲ್ಲಿಸುವ ಲಕ್ಷಣವೇ ಇಲ್ಲ.

"ಎಂತ ಆಯ್ತು ಇದಕ್ಕೆ ಇವತ್ತು, ತಲೆ ತಿಂತದೆ" ಅಂದೆ.

ಅಪ್ಪ ಸುಣ್ಣ ಹಚ್ಚುತ್ತಿದ್ದ ಎಲೆಯನ್ನು ಹಾಗೇ ಹಿಡಿದುಕೊಂಡು ನನ್ನ ಮುಖ ನೋಡಿದ. "ಯಾವುದಕ್ಕೆ?"

"ಅಳಿಲಿಗೆ."

"ಅಳಿಲು ಕೂಗ್ತದಾ ಈಗ?"

ನನಗೆ ಏನು ಹೇಳಬೇಕು ಅಂತಲೇ ಗೊತ್ತಾಗಲಿಲ್ಲ. ಇಪ್ಪತ್ತು ಮಾರು ದೂರದ ಮರ. ಮನೆಯೆಲ್ಲ ಕೇಳುವ ಕೂಗು.

ಕಿವಿ ಮಂದ ಆಗಿದೆ ಅಂತ ಗೊತ್ತಿರಲಿಲ್ಲ ಅಂತಲ್ಲ. ದೀಪಾವಳಿಗೆ ಬಂದಾಗ ನಾನೇ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಅವರು ಒಂದು ಗ್ರಾಫ್ ಕೊಟ್ಟಿದ್ದರು. ಬಲಗಿವಿಗೆ ಕೆಂಪು ಗೆರೆ, ಎಡಗಿವಿಗೆ ನೀಲಿ ಗೆರೆ. ತಗ್ಗಿನ ಸ್ವರ ಇರುವ ಕಡೆ ಎರಡೂ ಗೆರೆ ಸಮಾಧಾನವಾಗಿ ಹೋಗಿ, 2000 ಹರ್ಟ್ಸ್ ದಾಟಿದ ಮೇಲೆ ದೇವಿಮನೆ ಘಟ್ಟ ಇಳಿದ ಹಾಗೆ ಇಳಿದಿದ್ದವು. ನೀಲಿ ಗೆರೆ ಇನ್ನೂ ಜಾಸ್ತಿ ಇಳಿದಿತ್ತು. ಡಾಕ್ಟರು ಅದನ್ನು ನೋಡಿದವರೇ, "ಇವರು ಕೋವಿ ಹಾರಿಸ್ತಿದ್ರಾ?" ಅಂತ ಕೇಳಿದರು. ನಾನು ಬೆಚ್ಚಿಬಿದ್ದೆ. ಬಲಗೈಯವರು ಕೋವಿಯ ಹಿಡಿಯನ್ನು ಬಲ ಭುಜಕ್ಕೆ ಆನಿಸಿ ತಲೆ ಓರೆ ಮಾಡುತ್ತಾರಲ್ಲ, ಆಗ ಎಡಗಿವಿ ನಳಿಗೆಯ ಬಾಯಿಯ ಕಡೆ ತಿರುಗುತ್ತದಂತೆ. ಬಲಗಿವಿ ತಲೆಯ ಮರೆಯಲ್ಲಿ ಉಳಿಯುತ್ತದೆ. ಹಾಗಾಗಿ ಏಟು ಎಡಗಿವಿಗೇ ಜಾಸ್ತಿ. ವಯಸ್ಸಿಗೆ ಎಲ್ಲರದ್ದೂ ಮೇಲಿನ ಸ್ವರವೇ ಮೊದಲು ಹೋಗುವುದು, ಇವರದ್ದು ಎರಡೂ ಸೇರಿದೆ ಅಂದರು. ಮಷಿನ್ ಬರೆದುಕೊಟ್ಟರು. ಅಪ್ಪ ಅದನ್ನು ನಾಲ್ಕು ದಿನ ಹಾಕಿಕೊಂಡ. ಪಾತ್ರೆ ಸದ್ದೆಲ್ಲ ತಲೆಯೊಳಗೇ ಆಗ್ತದೆ ಅಂತ ತೆಗೆದು ದೇವರ ಗೂಡಿನ ಪಕ್ಕ ಇಟ್ಟಿದ್ದಾನೆ.

ಅಪ್ಪನ ಬೇಟೆಯ ಬಗ್ಗೆ ಇಲ್ಲಿ ಹಿಂದೆ ಒಂದೆರಡು ಸಲ ಬರೆದಿದ್ದೇನೆ. 1972ರ ವನ್ಯಜೀವಿ ಕಾಯ್ದೆ ಬರುವಾಗ ಅವನಿಗೆ ಇಪ್ಪತ್ತೈದು. ಅಷ್ಟರೊಳಗೆ ಅಜ್ಜನ ಜೊತೆ ಹತ್ತು ಹದಿನೈದು ವರ್ಷ ಕಾಡು ಸುತ್ತಿದ್ದ. ಕೊನೆಯ ಬೇಟೆ ಯಾವಾಗ ಅಂತ ನಾನು ಕೇಳಿಲ್ಲ. ಕೇಳಲು ಧೈರ್ಯ ಬಂದಿಲ್ಲ. ಬೆಳೆ ರಕ್ಷಣೆಯ ಲೈಸೆನ್ಸ್ ಇದ್ದ ಕೋವಿಯನ್ನು ಚುನಾವಣೆ ಬಂದಾಗಲೆಲ್ಲ ಠಾಣೆಗೆ ಕೊಟ್ಟು ತಂದು, ಕೊಟ್ಟು ತಂದು, ಕೊನೆಗೆ ಲೈಸೆನ್ಸನ್ನೇ ಬಿಟ್ಟ. ಬೇಟೆ ತಪ್ಪು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಆದರೆ ಬೇಟೆಗೆ ಹೋಗಿ ಅವನು ಕಲಿತದ್ದು ಬೇರೆ ಯಾರ ಹತ್ತಿರವೂ ನನಗೆ ಸಿಕ್ಕಿಲ್ಲ. ಇವತ್ತು ಸಂಜೆಯವರೆಗೂ ಈ ಎರಡೂ ಮಾತು ತಲೆಯಲ್ಲಿ ಒಟ್ಟಿಗೇ ಓಡಾಡುತ್ತಿದ್ದವು.

ಅಪ್ಪ ಎಲೆ ಕೆಳಗಿಟ್ಟ. "ಎಂತ ಹೇಳ್ತದೆ ಅದು?"

"ಸುಮ್ನೆ ಚಿಪ್ ಚಿಪ್ ಅಂತದೆ."

"ಸುಮ್ನೆ ಯಾವುದೂ ಕೂಗುದಿಲ್ಲ ತಂಗೀ. ಎದ್ದು ನೋಡು. ಮುಖ ಯಾವ ಬದಿಗದೆ?"

ಎದ್ದು ಜಗಲಿಯ ತುದಿಗೆ ಹೋದೆ. ಅಳಿಲು ಕಾಂಡದ ಮೇಲೆ ತಲೆಕೆಳಗಾಗಿ ಅಂಟಿಕೊಂಡಿತ್ತು. ಹಿಂದಿನ ಕಾಲಿನ ಉಗುರು ತೊಗಟೆಗೆ ಸಿಕ್ಕಿಸಿ, ಕತ್ತು ಸ್ವಲ್ಪ ಎತ್ತಿ, ಒಂದೊಂದು ಕೂಗಿಗೂ ಇಡೀ ಮೈ ಅದುರಿಸುತ್ತಿತ್ತು. ಕೂಗಿದಾಗೆಲ್ಲ ಬಾಲ ಒಮ್ಮೆ ಮೇಲಕ್ಕೆ ಚಿಮ್ಮುತ್ತಿತ್ತು, ಯಾರೋ ದಾರ ಕಟ್ಟಿ ಎಳೆದ ಹಾಗೆ. ಇಷ್ಟು ವರ್ಷ ಈ ಮರದ ಕೆಳಗೇ ಪಾತ್ರೆ ತೊಳೆದಿದ್ದೇನೆ, ಕೂಗೂ ಬಾಲವೂ ಒಟ್ಟಿಗೇ ನಡೆಯುತ್ತದೆ ಅಂತ ಗಮನಿಸಿರಲಿಲ್ಲ.

"ತಲೆ ಕೆಳಗೆ ಮಾಡಿಕೊಂಡದೆ" ಅಂತ ಕೂಗಿ ಹೇಳಿದೆ.

"ಹಾಗಾದರೆ ನೆಲದಲ್ಲದೆ. ಜಾಗ ಬದಲು ಮಾಡ್ತದಾ, ಅಲ್ಲೇ ಅದೆಯಾ?"

"ಅಲ್ಲೇ ಅದೆ."

"ಹಾಗಾದರೆ ಕೆಳಗಿರೋದೂ ಅಲ್ಲೇ ಅದೆ. ನಡೀತಾ ಇಲ್ಲ."

ಆಮೇಲೆ ಅಪ್ಪ ಹೇಳುತ್ತಾ ಹೋದ. ಅವನು ಹೇಳಿದ ಹಾಗೇ ಬರೆಯಲು ಬರುವುದಿಲ್ಲ, ನಡುವೆ ಅಜ್ಜನೂ ಬರುತ್ತಾನೆ, ಯಾವುದೋ ಬಸರಿ ಮರವೂ ಬರುತ್ತದೆ. ಹಣ್ಣು ಬಿಟ್ಟ ಮರದಲ್ಲಿ ಅಟ್ಟ ಕಟ್ಟಿಕೊಂಡು ಮರಸು ಕೂತರೆ ಮೊದಲು ಸುದ್ದಿ ಕೊಡುವುದು ಅಳಿಲೇ ಅಂತೆ. ಹಂದಿಗಾಗಲಿ ಕಾಡುಕುರಿಗಾಗಲಿ ಅದು ಅಷ್ಟು ಕೂಗುವುದಿಲ್ಲ, ತಿನ್ನುವ ಪ್ರಾಣಿಗೆ ಕೂಗುತ್ತದೆ. ಕೂಗು ಒಂದೇ ಕಡೆ ಇದ್ದರೆ ಕೂತ ಪ್ರಾಣಿ. ಒಂದು ಮರದ ಅಳಿಲು ನಿಲ್ಲಿಸಿ ಮುಂದಿನ ಮರದ್ದು ಶುರು ಮಾಡಿದರೆ ನಡೆಯುವ ಪ್ರಾಣಿ. ಚಿರತೆ ಯಾವ ದಾರಿಯಲ್ಲಿ ಹೋಗ್ತಾ ಇದೆ ಅಂತ ಅಜ್ಜ ಕಣ್ಣು ಮುಚ್ಚಿಕೊಂಡೇ ಬೆರಳು ತೋರಿಸುತ್ತಿದ್ದನಂತೆ. ಗಿಡುಗಕ್ಕಾದರೆ ಇಷ್ಟು ಹೊತ್ತು ಕೂಗುವುದೇ ಇಲ್ಲ. ಒಂದೇ ಒಂದು ಚೂಪಾದ ಕೂಗು, ಆಮೇಲೆ ಇಡೀ ಬೆಟ್ಟ ಗಪ್ ಚಿಪ್.

"ಭೀಮರಾಜ ಮಾತ್ರ ಮೋಸ ಮಾಡ್ತದೆ" ಅಂದ. ಅದು ಬೇರೆ ಹಕ್ಕಿಗಳ ಕೂಗನ್ನೂ ಗಿಡುಗದ ಕೂಗನ್ನೂ ತಾನೇ ಕೂಗುತ್ತದಲ್ಲ. ಅದನ್ನು ನಂಬಿ ಒಂದು ಬೆಳಗ್ಗೆ ಪೂರ್ತಿ ಅಟ್ಟದ ಮೇಲೆ ಮೈ ಮುದುಡಿ ಕೂತಿದ್ದನಂತೆ.

ನಾನು ಕೇಳಿದೆ, "ನಿಮ್ಮನ್ನು ಕಂಡರೆ ಕೂಗ್ತಿರಲಿಲ್ವಾ?"

"ಮೊದಲು ಕೂಗೋದೇ ನಮ್ಮನ್ನ ಕಂಡು. ಕಾಡಿಗೆ ಕಾಲಿಟ್ಟ ಕೂಡಲೇ ನಮ್ಮ ಸುದ್ದಿ ಮುಂದೆ ಹೋಗಿ ಆಗಿರ್ತದೆ. ಅದು ಮುಗಿಯುವವರೆಗೆ ಏನೂ ಮಾಡುಹಾಗಿಲ್ಲ. ಒಂದು ಕವಳ ಹಾಕಿ, ಅದು ಪೂರಾ ಆಗುವಷ್ಟು ಹೊತ್ತು ಕೂರಬೇಕು. ಕೆಮ್ಮುಹಾಗಿಲ್ಲ, ಸೊಳ್ಳೆ ಹೊಡೆಯುಹಾಗಿಲ್ಲ. ಅಳಿಲು ನಿಲ್ಲಿಸಿದರೂ ಏಳಬಾರದು. ಸಣ್ಣ ಹಕ್ಕಿ ಮಾತಾಡೋಕೆ ಶುರು ಮಾಡಬೇಕು. ಆಗ ಕಾಡಿಗೆ ನಾವು ಮರೆತುಹೋದೆವು ಅಂತ ಲೆಕ್ಕ."

ಇದನ್ನು ಕೇಳಿ ಈಗ ರಾತ್ರಿ ಮೊಬೈಲಿನಲ್ಲಿ ಹುಡುಕಿ ಓದಿದೆ. ಅಮೆರಿಕದಲ್ಲಿ ಬೂದು ಅಳಿಲಿನ ಬೇಟೆಗೆ ಲೈಸೆನ್ಸೂ ಇದೆ, ಇಂಥ ತಿಂಗಳು ಅಂತಲೂ ಇದೆ. ಅಲ್ಲಿನ ಬೇಟೆಗಾರರೂ ಇದನ್ನೇ ಹೇಳುತ್ತಾರೆ: ಅಳಿಲು ಬೈಯಲು ಶುರು ಮಾಡಿದರೆ ಮರಕ್ಕೆ ಒರಗಿ ಸುಮ್ಮನೆ ಕೂರು. ಆ ಅಳಿಲಿನ ಕೂಗನ್ನು ವಿಜ್ಞಾನಿಗಳು ಮೂರಾಗಿ ಗುರುತಿಸಿದ್ದಾರೆ. ಕುಕ್ ಅನ್ನುವ ಗಿಡ್ಡ ಕೂಗು, ಕ್ವಾ ಅನ್ನುವ ಉದ್ದದ್ದು, ಇನ್ನೊಂದು ನರಳಿದ ಹಾಗಿನ ಸ್ವರ. ಬೆಕ್ಕಿನಂಥ ನೆಲದ ಪ್ರಾಣಿ ಕಂಡರೆ ಬಾಲ ಚಿಮ್ಮಿಸುವುದು ಜಾಸ್ತಿ, ಮೇಲಿನಿಂದ ಬರುವ ಗಿಡುಗಕ್ಕೆ ನರಳುವುದು ಜಾಸ್ತಿ. 2019ರಲ್ಲಿ ಓಹಾಯೋದ ಓಬರ್ಲಿನ್ ಕಾಲೇಜಿನವರು ಅಳಿಲುಗಳಿಗೆ ಗಿಡುಗದ ಕೂಗು ಕೇಳಿಸಿ, ಆಮೇಲೆ ಸಣ್ಣ ಹಕ್ಕಿಗಳ ಮಾಮೂಲಿ ಚಿಲಿಪಿಲಿ ಕೇಳಿಸಿ ನೋಡಿದರು. ಚಿಲಿಪಿಲಿ ಕೇಳಿದ ಅಳಿಲುಗಳು ಬೇಗ ನಿರಾಳವಾದವು. ಅಪ್ಪನ ಲೆಕ್ಕವೇ ಅಲ್ವಾ ಇದು? ಅಳಿಲೂ ಅದೇ ಲೆಕ್ಕ ಹಾಕುತ್ತದೆ. ಓದಿ ಮೈ ಜುಮ್ ಅಂತು. ನಾಳೆ ಎದ್ದ ಕೂಡಲೇ ಅವನಿಗೆ ಹೇಳಬೇಕು, ಬಲಗಿವಿಗೆ.

ಮತ್ತೆ ಮಧ್ಯಾಹ್ನಕ್ಕೆ ಬರುತ್ತೇನೆ. ಕೆಂದಳಿಲಿನ ಮಾತು ಬಂತು. ಅದರ ಕೂಗು ಬೇರೆ, ಕಟಕಟಕಟ ಅಂತ ಬೆಟ್ಟದ ಆಚೆಗೂ ಕೇಳುವಷ್ಟು ಜೋರು. ಅದು ಈಗಲೂ ಅಪ್ಪನಿಗೆ ಕೇಳಿಸುತ್ತದೆ. ಆದರೆ ನಮ್ಮ ಸೊಪ್ಪಿನ ಬೆಟ್ಟಕ್ಕೆ ಅದು ಬರುವುದೇ ಕಡಿಮೆಯಾಗಿದೆ. ನೆಲಕ್ಕೆ ಇಳಿಯದೆ ಕೊಂಬೆಯಿಂದ ಕೊಂಬೆಗೆ ಹೋಗುವ ಜೀವ, ಘಟ್ಟದ ರಸ್ತೆ ಅಗಲ ಮಾಡಿದ ಮೇಲೆ ಎಲ್ಲಿಂದ ದಾಟಬೇಕು ಅದು.

"ಅದನ್ನೂ ಹೊಡೆದಿದ್ದೀಯಾ?" ಅಂತ ಕೇಳಿಯೇಬಿಟ್ಟೆ.

ಅಪ್ಪ ತುಂಬ ಹೊತ್ತು ಮಾತಾಡಲಿಲ್ಲ. ಅಡಿಕೆಯ ಮೇಲೆ ಕೂತ ಕೋಳಿಯನ್ನು ಓಡಿಸಿ ಬಂದು ಕೂತ. "ಒಂದು ಹೊಡೆದೆ" ಅಂದ. "ಮೊದಲು ಕೂಗ್ತಾ ಇತ್ತು. ಆಮೇಲೆ ನಿಲ್ಲಿಸಿ ಕೊಂಬೆಗೆ ಮೈ ಚಪ್ಪಟೆ ಮಾಡಿ ಮಲಗಿಬಿಡ್ತು. ಎಷ್ಟು ನೋಡಿದರೂ ಕಾಣಲಿಲ್ಲ. ಬಾಲ ಮಾತ್ರ ಕೆಳಗೆ ಇಳಿಬಿದ್ದಿತ್ತು. ಇಷ್ಟುದ್ದ. ಗಾಳಿಗೆ ಅಲ್ಲಾಡ್ತಿತ್ತು. ಬಾಲ ನೋಡಿ ಹೊಡೆದೆ."

ಆಮೇಲೆ ಅವನೇ ಹೇಳಿದ. "ಚಿರತೆಗೆ ನಾಚಿಕೆ ಅಂತ ಒಂದದೆ. ಅಳಿಲು ಕೂಗಿ ಸುದ್ದಿ ಮಾಡಿತು ಅಂದರೆ ಎದ್ದು ಹೋಗ್ತದೆ. ಇನ್ನು ಅಡಗಿ ಪ್ರಯೋಜನ ಇಲ್ಲ ಅಂತ ಅದಕ್ಕೆ ಗೊತ್ತು. ಅಳಿಲು ಕೂಗೂದು ಅದಕ್ಕೇ, ನಿನ್ನ ಕಂಡೆ, ಹೋಗು ಅಂತ. ನಾವು ಹೋಗಲಿಲ್ಲ. ಕೂತೇ ಇದ್ದೆವು."

ನಾನು ಏನೂ ಹೇಳಲಿಲ್ಲ. ಕೆಂದಳಿಲು ಒಂಟಿಯಾಗಿ ಇರುವ ಪ್ರಾಣಿ. ಹತ್ತಿರ ತನ್ನವರು ಯಾರೂ ಇಲ್ಲದಿದ್ದರೂ ಯಾಕೆ ಕೂಗುತ್ತದೆ ಅಂತ ನನಗೆ ಯಾವಾಗಲೂ ಅನ್ನಿಸುತ್ತಿತ್ತು. ತಿನ್ನಲು ಬಂದವನಿಗೇ ಹೇಳುವ ಮಾತು ಅದು ಅಂತ ತಿಳಿದ ಮೇಲೆ ಆ ಇಳಿಬಿದ್ದ ಬಾಲ ಕಣ್ಣಿನಿಂದ ಹೋಗ್ತಾ ಇಲ್ಲ.

ಅಷ್ಟು ಹೊತ್ತೂ ಹಲಸಿನ ಮರದ ಅಳಿಲು ಕೂಗುತ್ತಲೇ ಇತ್ತು. "ಹೋಗಿ ನೋಡಿ ಬರ್ತೇನೆ" ಅಂದೆ. ಮೊದಲು ಮೊಬೈಲಿನಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಿಕೊಂಡೆ, ಯಾಕೆ ಅಂತ ಗೊತ್ತಿಲ್ಲ, ಕೈ ಹಾಗೇ ಹೋಯಿತು. ಆಮೇಲೆ ಬಚ್ಚಲ ಹಿಂದೆ ಹೋದೆ. ಕಟ್ಟಿಗೆ ರಾಶಿ, ಒಡೆದ ಹಂಡೆ, ಮುರುಗಲ ಗಿಡ. ಬೆಕ್ಕಿಲ್ಲ. ಏನೂ ಇಲ್ಲ. ನಾನು ಮರದ ಬುಡಕ್ಕೆ ಹೋದ ಕೂಡಲೇ ಕೂಗು ಒಮ್ಮೆಲೇ ಜೋರಾಯಿತು, ಗಿಡ್ಡ ಗಿಡ್ಡ ಆಯಿತು, ಅಳಿಲು ಎರಡು ಮೊಳ ಮೇಲೆ ಹತ್ತಿತು.

ಜಗಲಿಯಿಂದ ಅಪ್ಪ ಕೂಗಿದ. "ಈಗ ಬೇರೆ ಥರ ಕೂಗ್ತದೆಯಾ?"

"ಹೌದು!"

"ಈಗ ನಿನ್ನ ಸುದ್ದಿ. ಬಾ ಈಚೆ."

ಕೇಳದೆಯೂ ಗೊತ್ತಾಗಿತ್ತು ಅವನಿಗೆ.

ಸಂಜೆ ಅಣ್ಣನ ಮಗ ಬಂದ. ಅವನಿಗೆ ರೆಕಾರ್ಡಿಂಗ್ ಕೊಟ್ಟು ವಿಷಯ ಹೇಳಿದೆ. ಅವನು ಯಾವುದೋ ಆ್ಯಪಿನಲ್ಲಿ ಅದನ್ನು ಕಾಲು ವೇಗಕ್ಕೆ ಇಳಿಸಿದ. ಹಾಗೆ ಮಾಡಿದರೆ ಸ್ವರವೂ ತಗ್ಗುತ್ತದೆ, ಹಳೇ ಟೇಪ್ ರೆಕಾರ್ಡರಿನ ಸೆಲ್ ಖಾಲಿಯಾದಾಗ ಆಗುತ್ತಿತ್ತಲ್ಲ ಹಾಗೆ. ಚಿಪ್ ಅನ್ನುವುದು ಟೊಂವ್, ಟೊಂವ್ ಅಂತ ಆಯಿತು. ಅಪ್ಪನ ಬಲಗಿವಿಯ ಹತ್ತಿರ ಹಿಡಿದೆವು.

ಮೊದಲು ಮುಖ ಗಂಟು ಹಾಕಿದ. "ಇದು ಅಳಿಲಲ್ಲ, ಯಾರೋ ಮರ ಕುಟ್ತಾರೆ" ಅಂದ. ಆಮೇಲೆ ಸುಮ್ಮನಾದ. ತೊಡೆಯ ಮೇಲೆ ಬೆರಳು ಕುಟ್ಟಲು ಶುರು ಮಾಡಿದ, ಕೂಗಿಗೆ ಸರಿಯಾಗಿ. ಕಣ್ಣು ಮುಚ್ಚಿದ. ನಾನು ಅವನ ಮುಖವನ್ನು ಅಷ್ಟು ಹತ್ತಿರದಿಂದ ನೋಡಿ ಎಷ್ಟೋ ವರ್ಷ ಆಗಿತ್ತು. ಗಲ್ಲದ ಬಿಳಿ ಕೂದಲು, ತುಟಿಯ ತುದಿಯಲ್ಲಿ ಕವಳದ ಕೆಂಪು. ಒಂದು ನಿಮಿಷದ ಕೂಗು ನಾಲ್ಕು ನಿಮಿಷ ಓಡಿತು. ಮೂವರೂ ಉಸಿರು ಬಿಗಿಹಿಡಿದು ಕೂತಿದ್ದೆವು.

"ಮತ್ತೊಮ್ಮೆ ಹಾಕು."

ಮತ್ತೊಮ್ಮೆ ಹಾಕಿದೆವು. ನಡುವೆ ಒಂದು ಕಡೆ ಬೆರಳು ನಿಂತಿತು. "ಇಲ್ಲಿ. ಇಲ್ಲಿ ತಡೆದು ಕೂಗ್ತು, ನೋಡಿದೆಯಾ. ಕೆಳಗಿನದ್ದು ಸ್ವಲ್ಪ ಸರಿದದೆ. ಸರಿದು ಮತ್ತೆ ನಿಂತದೆ." ಇನ್ನೂ ಸ್ವಲ್ಪ ಕೇಳಿದ. "ಬೆಕ್ಕಾಗಿದ್ದರೆ ಇಷ್ಟು ಹೊತ್ತು ಕೂರ್ತಿರಲಿಲ್ಲ. ನೀನು ಹೋದಾಗ ಓಡಿದ್ದು ಕಂಡಿತಾ?"

"ಇಲ್ಲ. ಏನೂ ಓಡಲಿಲ್ಲ."

"ಹಾಗಾದರೆ ಅಲ್ಲೇ ಅದೆ. ಕಟ್ಟಿಗೆ ಸಂದಿಯಲ್ಲಿ ಹಾವದೆ. ಅಮ್ಮನಿಗೆ ಹೇಳು, ನಾಳೆ ಒಲೆ ಹಚ್ಚೋಕೆ ಕತ್ತಲಲ್ಲಿ ಕಟ್ಟಿಗೆಗೆ ಕೈ ಹಾಕುದು ಬೇಡ."

ಅಮ್ಮನಿಗೆ ಹೇಳಿದೆ. ಅವಳು ಮಾಮೂಲಿ ಹಾಗೆ ತಲೆ ಆಡಿಸಿದಳು. ಆದರೆ ಅವಳು ಏಳುವುದು ನಾಲ್ಕೂವರೆಗೆ, ನನ್ನ ಬಸ್ಸಿಗೆ ಅಂತ ಇನ್ನೂ ಬೇಗ ಎದ್ದು ಬಚ್ಚಲ ಒಲೆ ಹಚ್ಚುತ್ತಾಳೆ, ಬೇಡ ಅಂದರೂ ಕೇಳುವವಳಲ್ಲ. ಅಲ್ಲಿನ ಬಲ್ಬು ಹೋಗಿ ವಾರ ಆಯ್ತಂತೆ. ಈಗಲೇ ಬ್ಯಾಟರಿ ಹಿಡಿದು ಹೋಗಿ ನಾಳೆಗೆ ಬೇಕಾದಷ್ಟು ಕಟ್ಟಿಗೆಯನ್ನು ದೂರದಿಂದ ಕೋಲಿನಲ್ಲಿ ಎಳೆದು ಒಳಗಿಡೋಣ ಅಂತ ಎದ್ದೆ. ಅಪ್ಪನ ಕೋಣೆಯಲ್ಲಿ ಇನ್ನೂ ಬೆಳಕಿದೆ. ಬಾಗಿಲ ಸಂದಿಯಿಂದ ನೋಡಿದರೆ, ಹಾಸಿಗೆಯ ಮೇಲೆ ಕೂತು ಆ ಮಷಿನ್ ಕಿವಿಗೆ ಹಾಕಿಕೊಳ್ತಾ ಇದ್ದಾನೆ.