ಶಿರಸಿ, ಗೋಕರ್ಣ, ಕಾರವಾರ: ಫೋನಿನಲ್ಲಿ ಏನಿರಬೇಕು, ಯಾವುದನ್ನು ನಂಬಬಾರದು

ಗೋಕರ್ಣದಲ್ಲಿ ರೂಮ್ ನೋಡುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಬುಕಿಂಗ್ ಆ್ಯಪ್‌ನಲ್ಲಿ ‘ಬೀಚ್‌ಗೆ 250 ಮೀಟರ್’ ಅಂತ ಬರೆದಿದ್ದರೆ ಅದು ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಅಳೆದ ಲೆಕ್ಕ. ನಡುವೆ ಗುಡ್ಡ ಇದೆಯೋ, ಮೆಟ್ಟಿಲು ಎಷ್ಟಿವೆಯೋ, ಆ ಲೆಕ್ಕದಲ್ಲಿ ಬರುವುದಿಲ್ಲ. ಕುಡ್ಲೆ, ಓಂ, ಹಾಫ್‌ಮೂನ್, ಪ್ಯಾರಡೈಸ್ ಎಲ್ಲವೂ ಗುಡ್ಡಗಳ ಸಂದಿಯಲ್ಲಿರುವ ಬೀಚ್‌ಗಳು. ನಮಗೆ ಸಿಕ್ಕ ರೂಮ್ ಗುಡ್ಡದ ತಲೆ ಮೇಲಿತ್ತು. ಬೀಚ್‌ಗೆ ಇಳಿಯಲು ಚಿರೇಕಲ್ಲಿನ ಮೆಟ್ಟಿಲು, ಅರ್ಧ ಕಿತ್ತುಹೋದವು, ಹಿಡಿಯಲು ಕಂಬಿ ಇಲ್ಲ. ಜೊತೆಗಿದ್ದ ಅವ್ವನಿಗೆ ಮಂಡಿ ನೋವು. ಅವಳು ಒಮ್ಮೆ ಕೆಳಗೆ ನೋಡಿ, ‘ನೀವು ಹೋಗಿ ಬರ್ರಿ’ ಅಂದು ಒಳಗೆ ಹೋಗಿ ಮಲಗಿದಳು.

ಫೋಟೋದಲ್ಲಿದ್ದ ‘ಸೀ ವ್ಯೂ’ ಕೂಡ ಸುಳ್ಳಲ್ಲ. ಬಾತ್‌ರೂಮಿನ ಕಿಟಕಿಯಲ್ಲಿ ಬಕೆಟ್ ಮೇಲೆ ನಿಂತರೆ ಸಮುದ್ರ ಕಾಣುತ್ತಿತ್ತು. ಇದಕ್ಕೆ ತೆರಿಗೆ, ‘ಸೇವಾ ಶುಲ್ಕ’ ಎಲ್ಲ ಸೇರಿ ನಾವು ಕೊಟ್ಟಿದ್ದು 3,200 ರೂಪಾಯಿ. ಪಕ್ಕದ ರೂಮಿಗೆ ಹುಬ್ಬಳ್ಳಿಯ ಹುಡುಗರು ಬುಕಿಂಗ್ ಇಲ್ಲದೆ ನೇರವಾಗಿ ಬಂದು, ಮಾತಾಡಿ, 1,800ಕ್ಕೆ ಇಳಿದುಕೊಂಡಿದ್ದರು. ಆ್ಯಪ್‌ನ ಚಾಟ್‌ನಲ್ಲಿ ದೂರು ಹಾಕಿದೆ. ಯಂತ್ರ ಉತ್ತರ ಕೊಟ್ಟಿತು: ಈ ಬುಕಿಂಗ್‌ಗೆ ಹಣ ವಾಪಸ್ ಇಲ್ಲ. ಏನೇ ಕೇಳಿದರೂ ಅದೇ ಉತ್ತರ.

ಹಾಗಂತ ಆ್ಯಪ್ ನೋಡಲೇಬೇಡಿ ಅನ್ನುತ್ತಿಲ್ಲ. ನೋಡಿ, ಆದರೆ ವಿಮರ್ಶೆಗಳನ್ನು ‘ಹೊಸದು ಮೊದಲು’ ಅಂತ ಜೋಡಿಸಿ ಓದಿ. ಒಂದು ನಕ್ಷತ್ರ ಕೊಟ್ಟವರು ಬರೆದಿದ್ದನ್ನು ಪೂರ್ತಿ ಓದಿ, ಐದು ಕೊಟ್ಟವರದ್ದು ಬಿಟ್ಟರೂ ನಡೆಯುತ್ತೆ. ಆಮೇಲೆ ಮ್ಯಾಪ್‌ನಲ್ಲಿ ಲೇಯರ್ ಬದಲಿಸಿ ‘ಟೆರೇನ್’ ಹಾಕಿದರೆ ಗುಡ್ಡದ ಗೆರೆಗಳು ಕಾಣುತ್ತವೆ. ಗೆರೆಗಳು ಒತ್ತೊತ್ತಾಗಿದ್ದರೆ ಅಲ್ಲಿ ಏರು ಇದೆ ಅಂತ. ವಾರದ ನಡುವೆ ಹೋಗುವವರಾದರೆ ಮೊದಲ ರಾತ್ರಿಗಷ್ಟೇ ಬುಕ್ ಮಾಡಿ, ಉಳಿದದ್ದು ಅಲ್ಲೇ ನೋಡಿಕೊಳ್ಳಿ. ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಹೊರಡುವವರಿಗೆ ಈ ಉಪಾಯ ನಡೆಯಲ್ಲ. ಅವರಿಗೆ ನನ್ನ ಸಲಹೆ, ವಾರಾಂತ್ಯಕ್ಕೆ ಗೋಕರ್ಣಕ್ಕೆ ಹೋಗಲೇಬೇಡಿ. ಜಾತ್ರೆ ಗದ್ದಲ ಇಷ್ಟಪಡುವವರು ಬೇರೆ ಹೇಳಬಹುದು.

ಇನ್ನೊಂದು ಎಚ್ಚರಿಕೆ. ಹುಡುಕಾಟದಲ್ಲಿ ಸಿಗುವ ಹೋಮ್‌ಸ್ಟೇ ನಂಬರ್ ಎಲ್ಲವೂ ಅಸಲಿ ಅಲ್ಲ. ಬೇರೆಯವರ ಹೆಸರು, ಫೋಟೋ ಹಾಕಿ ತಮ್ಮ ನಂಬರ್ ಕೊಡುವವರಿದ್ದಾರೆ. ಫೋನ್ ಎತ್ತಿದ ಕೂಡಲೇ ‘ಪೂರ್ತಿ ಅಡ್ವಾನ್ಸ್ ಹಾಕಿ, ಕ್ಯೂಆರ್ ಕಳಿಸುತ್ತೇನೆ’ ಅಂದರೆ ಅಲ್ಲಿಗೇ ಬಿಡಿ. ಅಸಲಿ ಮನೆಯವರು ಎಷ್ಟು ಜನ, ಊಟ ಬೇಕಾ, ಯಾವ ಬಸ್ಸಿಗೆ ಬರ್ತೀರಿ ಅಂತ ಮೊದಲು ಕೇಳುತ್ತಾರೆ. ದುಡ್ಡು ಹೋಗಿಯೇಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ.

ಇನ್ನು ಶಿರಸಿ ಕಡೆಯ ಮಾತು. ಪೇಟೆಯಲ್ಲಿ ನೆಟ್‌ವರ್ಕ್‌ಗೆ ಕೊರತೆ ಇಲ್ಲ. ಪೇಟೆ ದಾಟಿ ತೋಟ, ಕಾಡಿನ ದಾರಿ ಹಿಡಿದರೆ ಫೋನಿನ ಗೆರೆಗಳು ಒಂದೊಂದೇ ಉದುರುತ್ತವೆ. ಕೆಲವು ಕಡೆ ಕರೆಂಟ್ ಹೋದರೆ ಟವರೂ ಹೋಗುತ್ತೆ. ನಾವು ಉಳಿದ ಮನೆಯ ಯಜಮಾನರು ಬಾಗಿಲಲ್ಲೇ ಹೇಳಿದರು: ‘ಫೋನ್ ಮಾಡೋದಿದ್ರೆ ಆ ಹಲಸಿನ ಮರದ ಹತ್ರ ಹೋಗಿ ನಿಲ್ಲಿ ಮಾರಾಯ್ರೆ, ಮನೆ ಒಳಗೆ ಸಿಗೂದಿಲ್ಲ.’ ಆದರೆ ಅದೇ ಮನೆಯಲ್ಲಿ ವೈಫೈ ಚೆನ್ನಾಗಿತ್ತು. ಇಲ್ಲೇ ಒಂದು ಸಣ್ಣ ಸೆಟ್ಟಿಂಗ್ ಕೆಲಸಕ್ಕೆ ಬಂತು. ಫೋನಿನಲ್ಲಿ ‘ವೈಫೈ ಕಾಲಿಂಗ್’ ಅಂತ ಇರುತ್ತೆ, ಆನ್ ಮಾಡಿಟ್ಟರೆ ಟವರ್ ಇಲ್ಲದಿದ್ದರೂ ವೈಫೈ ಮೇಲೆ ಮಾಮೂಲಿ ಕರೆ ಹೋಗುತ್ತೆ, ಬರುತ್ತೆ. ಒಂದು ಕರೆಗೆ ಕಾಯುತ್ತಾ ಮರದ ಕೆಳಗೆ ನಿಂತಿದ್ದವರಿಗೆ ಇದನ್ನು ಹೇಳಿಕೊಟ್ಟು ನಾನು ಒಂದು ಲೋಟ ಕಷಾಯ ಜಾಸ್ತಿ ಗಿಟ್ಟಿಸಿದೆ.

ಮ್ಯಾಪ್‌ಗಳನ್ನು ಶಿರಸಿಯಲ್ಲೇ ಇಳಿಸಿಕೊಳ್ಳಿ. ಗೂಗಲ್ ಮ್ಯಾಪ್ಸ್‌ನಲ್ಲಿ ಬೇಕಾದ ಪ್ರದೇಶ ಆರಿಸಿ ಆಫ್‌ಲೈನ್ ಉಳಿಸಬಹುದು. ಆದರೆ ನೆಟ್ ಇಲ್ಲದಾಗ ಅದು ಗಾಡಿ ದಾರಿ ಮಾತ್ರ ಹೇಳುತ್ತೆ, ಕಾಲುದಾರಿ, ಬಸ್ಸು ಹೇಳಲ್ಲ. ನಡೆಯುವವರು ಆರ್ಗಾನಿಕ್ ಮ್ಯಾಪ್ಸ್ ಕೂಡ ಹಾಕಿಕೊಳ್ಳಿ. ಪುಕ್ಕಟೆ, ಜಾಹೀರಾತಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆ ಮೇಲೆ ಕೆಲಸ ಮಾಡುತ್ತೆ, ಯಾರೋ ನಡೆದು ಗುರುತು ಹಾಕಿದ ಕಾಲುದಾರಿಗಳೂ ಅದರಲ್ಲಿ ಇರುತ್ತವೆ. ಸಿಗ್ನಲ್ ಹುಡುಕಿ ಹುಡುಕಿ ಫೋನಿನ ಬ್ಯಾಟರಿ ಮುಗಿಯುತ್ತೆ, ಹಾಗಾಗಿ ಕಾಡಿನಲ್ಲಿ ಏರ್‌ಪ್ಲೇನ್ ಮೋಡ್ ಹಾಕಿಡಿ. ಜಿಪಿಎಸ್‌ಗೆ ಟವರ್ ಬೇಡ, ಅದು ಉಪಗ್ರಹದಿಂದ ಬರೋದು. ನೀವು ಎಲ್ಲಿದ್ದೀರಿ ಅಂತ ಚುಕ್ಕೆ ತೋರಿಸುತ್ತಲೇ ಇರುತ್ತೆ. ಯಾಣದ ಕಾಡಿನಲ್ಲಿ ಬೆಳಗ್ಗೆಯಿಂದ ಹೀಗೇ ಓಡಾಡಿದರೂ ಸಂಜೆಗೆ ಅರ್ಧ ಚಾರ್ಜ್ ಉಳಿದಿತ್ತು. ಯಾಣದ ಬಂಡೆಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬಿಡುತ್ತೇನೆ.

ನಮ್ಮ ಕಾಕಾ ಎಲ್ಲಿಗೆ ಹೋದರೂ ತೆರೆಯುವ ಆ್ಯಪ್ ದಿಶಾಂಕ್. ನಿಂತ ಜಾಗದ ಸರ್ವೆ ನಂಬರ್ ತೋರಿಸುವ ಸರ್ಕಾರಿ ಆ್ಯಪ್ ಅದು. ಅಡಿಕೆ ತೋಟ ಕಂಡಲ್ಲೆಲ್ಲ ಬಸ್ಸಿನ ಕಿಟಕಿಯಿಂದಲೇ ‘ಇದು ಯಾರ ಹೆಸರಿನಾಗ ಐತಿ ನೋಡೋಣ’ ಅನ್ನುತ್ತಿದ್ದರು. ಪ್ರವಾಸಿಗೆ ಅದರಿಂದ ಏನೂ ಉಪಯೋಗ ಇಲ್ಲ. ಘಟ್ಟದಲ್ಲಿ ನೆಟ್ ಹೋದ ಮೇಲೆ ಕಾಕಾ ಸುಮ್ಮನಾದರು.

ನನಗೆ ನಿಜವಾಗಿ ಆಶ್ಚರ್ಯ ತಂದ ಆ್ಯಪ್ ಮರ್ಲಿನ್. ಹಕ್ಕಿ ಕೂಗಿದಾಗ ಫೋನ್ ಹಿಡಿದರೆ ಯಾವ ಹಕ್ಕಿ ಅಂತ ಹೇಳುತ್ತೆ. ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯದ್ದು, ದುಡ್ಡು ಕೊಡಬೇಕಿಲ್ಲ. ಭಾರತದ ಪ್ಯಾಕ್ ಮೊದಲೇ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಕೆಲಸ ಮಾಡುತ್ತೆ. ಬೆಳಗಿನ ಜಾವ ತೋಟದ ಕಡೆಯಿಂದ ಯಾರೋ ಸೋಮಾರಿ ಹುಡುಗ ರಾಗ ತಪ್ಪಿ ಸಿಳ್ಳೆ ಹಾಕಿದಂತೆ ಕೇಳಿಸಿತು. ಮರ್ಲಿನ್ ಮಲಬಾರ್ ವಿಸ್ಲಿಂಗ್ ಥ್ರಶ್ ಅಂತ ತೋರಿಸಿತು. ಆಮೇಲೆ ಅವ್ವ ನನ್ನ ಫೋನ್ ವಾಪಸ್ ಕೊಡಲಿಲ್ಲ.

ಈಗ ಮುಖ್ಯ ವಿಷಯ, ಘಟ್ಟದ ದಾರಿ. ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ ನೇರ ದಾರಿ. ರಸ್ತೆ ಅಗಲ ಮಾಡುವ ಕೆಲಸಕ್ಕೋ, ಮಳೆಗೆ ಗುಡ್ಡ ಕುಸಿದೋ ಅದು ಆಗಾಗ ಬಂದ್ ಆಗುತ್ತೆ. ಆಗ ಯಲ್ಲಾಪುರ, ಅರಬೈಲ್ ಘಟ್ಟದ ಮೇಲೆ ಅಂಕೋಲಾಕ್ಕೆ, ಇಲ್ಲವೇ ಸಿದ್ದಾಪುರ, ಮಾವಿನಗುಂಡಿ ಮೇಲೆ ಹೊನ್ನಾವರಕ್ಕೆ ಸುತ್ತಬೇಕು. ಮ್ಯಾಪ್‌ನಲ್ಲಿ ನೀಲಿ ಗೆರೆ ಕಂಡಿತು ಅಂತ ಹೊರಡಬೇಡಿ. ಜಿಲ್ಲಾಧಿಕಾರಿ ಕಚೇರಿಯ ಪ್ರಕಟಣೆ ನೋಡಿ, ಅಥವಾ ಶಿರಸಿ ಬಸ್ ಸ್ಟ್ಯಾಂಡಿನಲ್ಲಿ ಒಂದು ಮಾತು ಕೇಳಿ. ಬಸ್ಸು ಯಾವ ದಾರಿಯಲ್ಲಿ ಹೋಗುತ್ತಿದೆಯೋ ಅದೇ ದಾರಿ. ಮಳೆಗಾಲದಲ್ಲಿ ಈ ಜಿಲ್ಲೆಯನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬದಿಯಲ್ಲಿದ್ದ ಚಹಾ ಅಂಗಡಿ, ನಿಂತಿದ್ದ ಗಾಡಿಗಳು ಎಲ್ಲ ಗಂಗಾವಳಿ ನದಿಯ ಪಾಲಾದವು. ಮುಂದಿನ ತಿಂಗಳೇ ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಹವಾಮಾನ ಇಲಾಖೆಯ ಮೌಸಮ್ ಆ್ಯಪ್ ಇಟ್ಟುಕೊಳ್ಳಿ, ಜಿಲ್ಲೆಗೆ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ಅದರಲ್ಲಿ ಬರುತ್ತೆ. ಕಿತ್ತಳೆ ಬಂದರೆ ನಾನಂತೂ ಘಟ್ಟ ಇಳಿಯಲ್ಲ. ಸಿಡಿಲಿಗೆ ದಾಮಿನಿ ಅಂತ ಬೇರೆ ಆ್ಯಪ್ ಇದೆ, ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ಮಾಡಿದ್ದು. ಮಳೆಗಾಲ ಮುಗಿಯುವ ಹೊತ್ತಿನ ಗುಡುಗಿಗೆ ಅದು ಬೇಕು.

ಬಸ್ಸಿನ ವಿಷಯದಲ್ಲಿ ಆ್ಯಪ್‌ಗಳ ಮೇಲೆ ಆಸೆ ಇಡಬೇಡಿ. ಸೀಟು ಕಾಯ್ದಿರಿಸುವ ದೂರದ ಬಸ್ಸುಗಳಷ್ಟೇ ಅವುಗಳಲ್ಲಿ ಸಿಗೋದು. ಊರೂರಿಗೆ ಹೋಗುವ ವಾಯವ್ಯ ಸಾರಿಗೆ ಬಸ್ಸುಗಳ ವೇಳೆ ಬಸ್ ಸ್ಟ್ಯಾಂಡಿನ ಗೋಡೆ ಮೇಲಿರುತ್ತೆ. ಇಳಿದ ಕೂಡಲೇ ಆ ಬೋರ್ಡಿನ ಫೋಟೋ ತೆಗೆದುಕೊಳ್ಳಿ. ಕಂಟ್ರೋಲರ್ ಹತ್ತಿರ ಒಮ್ಮೆ ಕೇಳಿ ಖಚಿತ ಮಾಡಿಕೊಳ್ಳಿ, ಯಾಕಂದ್ರೆ ಬೋರ್ಡ್ ಬರೆದ ಮೇಲೆ ಬಂದ್ ಆದ ಬಸ್ಸುಗಳೂ ಇರುತ್ತವೆ. ಹೆಂಗಸರಿಗೆ ಶಕ್ತಿ ಯೋಜನೆ ಇದೆ, ಸಾಮಾನ್ಯ ಬಸ್ಸುಗಳಲ್ಲಿ 2023ರ ಜೂನ್ 11ರಿಂದ ಟಿಕೆಟ್‌ಗೆ ದುಡ್ಡಿಲ್ಲ. ನಮ್ಮ ಅವ್ವ ಡಿಜಿಲಾಕರ್‌ನ ಆಧಾರ್ ತೋರಿಸಿದಳು, ಕಂಡಕ್ಟರ್ ಒಪ್ಪಿದರು. ಆದರೂ ಕಾರ್ಡ್ ಜೊತೆಗಿರಲಿ, ನೆಟ್ ಇಲ್ಲದಾಗ ಆ್ಯಪ್ ತೆರೆಯದೇ ಹೋದರೆ ಕಷ್ಟ.

ಕುಮಟಾದಿಂದ ಗೋಕರ್ಣಕ್ಕೆ ರಸ್ತೆಯಲ್ಲಿ 30 ಕಿ.ಮೀ. ಆಸುಪಾಸು. ಅದನ್ನು ಬಿಟ್ಟು ಅಘನಾಶಿನಿ ಊರಿನ ದಡಕ್ಕೆ ಹೋಗಿ ದೋಣಿ ಹತ್ತಿದರೆ ಆಚೆ ದಡ ತದಡಿ, ಅಲ್ಲಿಂದ ಗೋಕರ್ಣ ಹತ್ತಿರ. ಬೈಕನ್ನೂ ದೋಣಿಯಲ್ಲಿ ಹಾಕಿಕೊಳ್ಳುತ್ತಾರೆ. ಈ ದೋಣಿಯ ವೇಳೆ ನನಗೆ ಯಾವ ಆ್ಯಪ್‌ನಲ್ಲೂ ಸಿಗಲಿಲ್ಲ. ದಡದ ಅಂಗಡಿಯವರನ್ನು ಕೇಳಬೇಕು. ಚಿಲ್ಲರೆ ಇಟ್ಟುಕೊಳ್ಳಿ. ಅಘನಾಶಿನಿ ನದಿ ಸಮುದ್ರ ಸೇರುವ ಈ ಅಳಿವೆ ರಾಮ್‌ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದೆ. ನೀರು ಇಳಿದ ಹೊತ್ತಿಗೆ ಹೋದರೆ ಸೊಂಟದ ಮಟ್ಟ ನೀರಿನಲ್ಲಿ ನಿಂತು ಬಳಚು (ಚಿಪ್ಪುಮೀನು) ಹೆಕ್ಕುವವರು ಕಾಣುತ್ತಾರೆ.

ಆ ಬಳಚು ತಿಂದಿದ್ದು ಕುಮಟಾದಲ್ಲಿ. ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರದ ಒಂದು ಗಲ್ಲಿ, ಒಂದು ಮನೆಯ ಮುಂದಿನ ಜಗುಲಿಗೆ ತಗಡು ಹಾಕಿ ನಾಲ್ಕು ಮೇಜು ಇಟ್ಟಿದ್ದಾರೆ. ಮ್ಯಾಪ್‌ನಲ್ಲಿ ಇಲ್ಲ, ನಕ್ಷತ್ರಗಳಿಲ್ಲ, ಬೋರ್ಡೂ ಇಲ್ಲ. ನಮ್ಮ ಬಸ್ಸಿನ ಕಂಡಕ್ಟರ್ ಹೇಳಿ ಕಳಿಸಿದ ಜಾಗ. ಕುಚ್ಚಲಕ್ಕಿ ಅನ್ನ, ಜುಮ್ಮನಕಾಯಿ ಹಾಕಿದ ಬಾಂಗಡೆ ಸಾರು, ಕಾಯಿತುರಿಯ ಜೊತೆ ಬಳಚಿನ ಸುಕ್ಕ, ರವೆಯಲ್ಲಿ ಹೊರಳಿಸಿ ಕರಿದ ತಾರ್ಲೆ, ಕೊನೆಗೆ ಸೋಲ್ಕಡಿ. ಊಟಕ್ಕೆ 120, ಹುರಿದ ಮೀನಿಗೆ ಬೇರೆ. ಅನ್ನ ಹಾಕುತ್ತಲೇ ಇರುತ್ತಾರೆ, ಸಾಕು ಅಂದರೂ ಇನ್ನೊಂದು ಸೌಟು ಬೀಳುತ್ತೆ. ಸಾರಿನ ಖಾರ ನಾಲಿಗೆ ಸುಡೋ ಖಾರ ಅಲ್ಲ, ಜುಮ್ಮನಕಾಯಿ ತುಟಿಯನ್ನು ಸ್ವಲ್ಪ ಜುಮ್ ಅನ್ನಿಸಿ ಬಿಡುತ್ತೆ. ಅವತ್ತು ಸೋಮವಾರ, ಅವ್ವ ಮೀನು ಮುಟ್ಟಲ್ಲ. ಅದನ್ನು ಕೇಳಿ ಒಳಗಿನಿಂದ ಅಮ್ಮ ಒಬ್ಬರು ಬಂದು, ‘ಹಂಗಾರೆ ನಮ್ಮ ಮನಿಗೆ ಮಾಡಿದ್ದೇ ಬಡಸ್ತೆ’ ಅಂದು ಬಸಳೆ ಹುಳಿ ತಂದು ಬಡಿಸಿದರು. ಅದಕ್ಕೆ ದುಡ್ಡು ಹಿಡಿಯಲಿಲ್ಲ. ಯುಪಿಐ ಹಾಕಲು ನೋಡಿದರೆ ನೆಟ್ ಸುತ್ತುತ್ತಲೇ ಇತ್ತು. ಕಾಕಾ ಹತ್ತಿರ ನೋಟಿತ್ತು, ಬಚಾವ್. ಒಂದೂವರೆಯೊಳಗೆ ಹೋಗಿ, ಆಮೇಲೆ ಬಳಚು ಉಳಿಯಲ್ಲ.

ನೋಟು ಇಲ್ಲದಿದ್ದವರಿಗೆ ಒಂದು ಹಳೇ ದಾರಿ ಇದೆ. ಇಂಟರ್ನೆಟ್ ಇಲ್ಲದೆ, ಬರೀ ಟವರ್ ಇದ್ದರೆ *99# ಒತ್ತಿ ದುಡ್ಡು ಕಳಿಸಬಹುದು. ನಿಧಾನ, ಮೆನು ಓದಿ ಸಾಕಾಗುತ್ತೆ, ಆದರೆ ಕೆಲಸ ಆಗುತ್ತೆ. ಮನೆಯಲ್ಲೇ ಒಮ್ಮೆ ಮಾಡಿ ನೋಡಿಕೊಂಡು ಬನ್ನಿ.

ಕರಾವಳಿ ಉದ್ದಕ್ಕೆ ಓಡಾಡಲು ರೈಲು ಒಳ್ಳೆಯದು. ಬಸ್ಸಿಗಿಂತ ಸೊಂಟಕ್ಕೆ ಹಿತ, ನದಿಗಳೆಲ್ಲ ಕಿಟಕಿಯಲ್ಲೇ ಸಿಗುತ್ತವೆ. ಕೊಂಕಣ ರೈಲು ಇಲ್ಲಿ ಒಂಟಿ ಹಳಿ. ಎದುರು ಗಾಡಿಗೆ ದಾರಿ ಬಿಡಲು ಪ್ಯಾಸೆಂಜರ್ ಗಾಡಿ ಸಣ್ಣ ಸ್ಟೇಷನ್ನಿನಲ್ಲಿ ಸುಮ್ನೆ ನಿಂತುಬಿಡುತ್ತೆ. ಮಳೆಗಾಲಕ್ಕೆ ವೇಳಾಪಟ್ಟಿಯೇ ಬೇರೆ, ವೇಗ ಕಡಿಮೆ. ಹಾಗಾಗಿ ವೇರ್ ಈಸ್ ಮೈ ಟ್ರೇನ್ ಆ್ಯಪ್ ಇರಲೇಬೇಕು. ಬೆಂಗಳೂರಿನ ಕಂಪನಿ ಮಾಡಿದ್ದು, 2018ರಲ್ಲಿ ಗೂಗಲ್ ಕೊಂಡುಕೊಂಡಿತು. ರೈಲಿನೊಳಗೆ ಕೂತಿದ್ದರೆ ಇಂಟರ್ನೆಟ್ ಇಲ್ಲದೆಯೂ ಮೊಬೈಲ್ ಟವರ್ ನೋಡಿ ಗಾಡಿ ಎಲ್ಲಿದೆ ಅಂತ ಹೇಳುತ್ತೆ, ಕನ್ನಡದಲ್ಲೂ ಇದೆ. ಸುರಂಗ ಹೊಕ್ಕಾಗ ಸ್ವಲ್ಪ ಹೊತ್ತು ಪೆದ್ದಾಗುತ್ತೆ, ಅಷ್ಟೇ. ಜನರಲ್ ಟಿಕೆಟ್‌ಗೆ 2025ರ ಜುಲೈಯಲ್ಲಿ ರೈಲ್ವೆ ತಂದ ರೈಲ್‌ಒನ್ ಸಾಕು. ಸ್ಟೇಷನ್ ಮುಟ್ಟುವ ಮೊದಲೇ ಟಿಕೆಟ್ ಮಾಡಿಕೊಳ್ಳಿ, ಗಾಡಿ ಹತ್ತಿದ ಮೇಲೆ ಮಾಡುತ್ತೇನೆ ಅಂದರೆ ಆಗಲ್ಲ.

ಸ್ಟೇಷನ್ನುಗಳು ಊರಿಗೆ ದೂರ ಅನ್ನೋದು ಮಾತ್ರ ನೆನಪಿರಲಿ. ಗೋಕರ್ಣ ರೋಡ್ ಸ್ಟೇಷನ್ನಿನಿಂದ ಗೋಕರ್ಣಕ್ಕೆ ಸುಮಾರು 10 ಕಿ.ಮೀ. ಕಾರವಾರ ಸ್ಟೇಷನ್ ಇರೋದು ಶಿರವಾಡದಲ್ಲಿ, ಪೇಟೆಯಲ್ಲಲ್ಲ. ಬೆಂಗಳೂರಿನ ಕ್ಯಾಬ್ ಆ್ಯಪ್ ತೆರೆದು ಕಾದೆವು, ಒಂದು ಗಾಡಿಯೂ ತೋರಿಸಲಿಲ್ಲ. ಹೊರಗೆ ನಿಂತ ಆಟೋಗಳೇ ಗತಿ. ದರ ಮೊದಲೇ ಮಾತಾಡಿ. ಒಬ್ಬರೇ ಇದ್ದರೆ ಪಕ್ಕದವರನ್ನು ‘ಪೇಟೆಗಾ?’ ಅಂತ ಕೇಳಿ ಹಂಚಿಕೊಳ್ಳಿ, ಅಲ್ಲಿ ಅದು ಮಾಮೂಲು. ಕಾರವಾರ, ಅಂಕೋಲಾ ನಡುವೆ ಹೆದ್ದಾರಿ ಬದಿಗೆ ನೌಕಾನೆಲೆ ಇದೆ, ಅಲ್ಲಿ ಫೋನ್ ಎತ್ತಿ ವಿಡಿಯೋ ಮಾಡಲು ಹೋಗಬೇಡಿ. ಇನ್ನು ಕಾರವಾರದಿಂದ ಗೋವಾ ಕಡೆ ಹೋಗುವವರು, ಶಕ್ತಿ ಟಿಕೆಟ್ ರಾಜ್ಯದ ಗಡಿ ದಾಟಲ್ಲ, ಬಸ್ಸಿನ ಚಾರ್ಜಿಗೆ ನೋಟು ಬೇರೆ ತೆಗೆದಿಡಿ.