ಸೀಮೆಎಣ್ಣೆ, ಸೀಮೆಸುಣ್ಣ, ತಾತನ ಮ್ಯಾಸಿ

ಮೊನ್ನೆ ಶನಿವಾರ ತಾತನ ಮ್ಯಾಸಿ ಟ್ರ್ಯಾಕ್ಟರನ್ನ ನಡುವಿಗೆ ಎರಡು ತುಂಡು ಮಾಡಿದ್ವಿ. ಗರಗಸ ಹಾಕಿ ಕುಯ್ದಿದ್ದಲ್ಲ, ಗಾಬರಿ ಆಗ್ಬೇಡಿ. ಇಂಜಿನ್ನು ಗೇರ್‌ಬಾಕ್ಸು ಸೇರೋ ಜಾಗದಲ್ಲಿ ಬೋಲ್ಟ್ ಬಿಚ್ಚಿ, ಮುಂದುಗಡೇದನ್ನ ಚೈನ್ ಬ್ಲಾಕಿಗೆ ನೇತಾಕಿ, ಹಿಂದುಗಡೇದಕ್ಕೆ ಜಾಕಿ ಮತ್ತೆ ಎರಡು ಹಲಸಿನ ದಿಮ್ಮಿ ಕೊಟ್ಟು, ಮೆಲ್ಲಗೆ ಒಂದು ಮೊಳದಷ್ಟು ದೂರ ಎಳೆದ್ವಿ. ಲಾರಿಗೆ ಇರೋ ಥರ ಇದಕ್ಕೆ ಛಾಸಿ ಅಂತ ಬೇರೆ ಇಲ್ಲ. ಇಂಜಿನ್ನು, ಗೇರ್‌ಬಾಕ್ಸು, ಹಿಂದಿನ ಆಕ್ಸಲ್ಲು ಮೂರನ್ನೂ ಒಂದರ ಹಿಂದೆ ಒಂದು ಬೋಲ್ಟ್ ಹಾಕಿ ನಿಲ್ಸಿರೋದು, ಅವೇ ಇದರ ಬೆನ್ನುಮೂಳೆ. ಹಂಗಾಗಿ ಒಂದು ಕ್ಲಚ್ ಪ್ಲೇಟ್ ಬದಲಾಯಿಸ್ಬೇಕು ಅಂದ್ರೂ ಗಾಡಿ ಎರಡಾಗ್ಲೇಬೇಕು. ನಾವು ಬಿಚ್ಚಿದ್ದೂ ಬರೀ ಕ್ಲಚ್ ಪ್ಲೇಟಿಗೇ. ಭಾನುವಾರ ಸಾಯಂಕಾಲಕ್ಕೆ ಮತ್ತೆ ಸೇರಿಸಿ, ಸೋಮವಾರ ನಾನು ಬೆಂಗಳೂರಿಗೆ ಬಸ್ ಹತ್ತೋದು ಅಂತ ಪ್ಲಾನ್. ಇವತ್ತು ಗುರುವಾರ, ನಾನಿನ್ನೂ ಊರಲ್ಲೇ ಇದ್ದೀನಿ, ಆಫೀಸಿಗೆ ಜ್ವರ ಅಂತ ಹೇಳಿದ್ದೀನಿ, ಟ್ರ್ಯಾಕ್ಟರ್ ಇನ್ನೂ ಎರಡಾಗೇ ನಿಂತಿದೆ.

ಮೊದಲಿಂದ ಹೇಳ್ತೀನಿ. ತಾತ ಇದನ್ನ ತಗೊಂಡಿದ್ದು 1986ರಲ್ಲಿ, ಪಿಎಲ್‌ಡಿ ಬ್ಯಾಂಕಲ್ಲಿ ಜಮೀನು ಅಡ ಇಟ್ಟು. ಮ್ಯಾಸಿ ಫರ್ಗುಸನ್ 1035, ಮದ್ರಾಸಿನ ಟಾಫೆ ಕಂಪನಿದು. ಹೆಸರು ಎರಡು ಕಂಪನಿದು, 1953ರಲ್ಲಿ ಕೆನಡಾದ ಮ್ಯಾಸಿ ಹ್ಯಾರಿಸ್‌ನವರೂ ಹ್ಯಾರಿ ಫರ್ಗುಸನ್ ಕಂಪನಿಯವರೂ ಒಂದಾಗಿದ್ದಕ್ಕೆ ಬಂದಿದ್ದು. ನಮ್ಮೂರಲ್ಲಿ ಮಾತ್ರ ಅದು ಮ್ಯಾಸಿ ಅಷ್ಟೆ, ಫರ್ಗುಸನ್ ಪಾಪ ಯಾರ ಬಾಯಲ್ಲೂ ಇಲ್ಲ, ಆದ್ರೆ ಹಿಂದುಗಡೆ ಮೂರು ಕಡೆ ಸಿಗಿಸಿ ನೇಗಿಲು ಎತ್ತಿ ಇಳಿಸೋ ಲಿಫ್ಟ್ ಇದೆಯಲ್ಲ, ಇವತ್ತು ಯಾವ ಕಂಪನಿ ಟ್ರ್ಯಾಕ್ಟರ್ ನೋಡಿದ್ರೂ ಇರುತ್ತಲ್ಲ, ಅದನ್ನ ಗೆಲ್ಸಿದ್ದು ಆ ಮನುಷ್ಯಾನೇ. ಇಂಜಿನ್ನು ಇಂಗ್ಲೆಂಡಿನ ಪರ್ಕಿನ್ಸ್ ಕಂಪನಿ ಡಿಸೈನು, ಮೂರು ಸಿಲಿಂಡರ್. ಅದರ ಸೌಂಡು ಕೇಳ್ಕೊಂಡು ಬೆಳೆದವರಿಗೆ ಆಮೇಲೆ ಬಂದ ಯಾವ ಟ್ರ್ಯಾಕ್ಟರೂ ಟ್ರ್ಯಾಕ್ಟರ್ ಅನ್ಸಲ್ಲ, ಇದು ನನ್ನ ಸ್ವಂತ ಅಭಿಪ್ರಾಯ, ಜಗಳಕ್ಕೆ ಬರಬೇಡಿ.

ತಾತ 2011ರಲ್ಲಿ ಹೋದ್ರು. ಅಪ್ಪ ಹೊಸದೊಂದು ತಗೊಂಡ, ಮ್ಯಾಸಿ ಹಿತ್ಲಲ್ಲಿ ಹೊಂಗೆ ಮರದ ಕೆಳಗೆ ನಿಲ್ತು. ಅದರ ಮೇಲೆ ಕೋಳಿ ಮಲಗಿದ್ವು, ಅಮ್ಮ ಸ್ಟೇರಿಂಗಿಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ಲು. ಗುಜರಿಯವನು ವರ್ಷಕ್ಕೆರಡು ಸಲ ಬಂದು ಕೆಜಿ ಲೆಕ್ಕ ಹೇಳೋನು. ಈ ಸಲ ಅಪ್ಪ "ಕೊಟ್‌ಬುಡಾಣ ಕಣ್ಲಾ, ಜಾಗ ಆಯ್ತದೆ" ಅಂದ. ನಾನು ಬೇಡ, ನಾನೇ ರೆಡಿ ಮಾಡಿಸ್ತೀನಿ ಅಂದೆ. ಅಪ್ಪ ನನ್ನ ಮುಖಾನೇ ನೋಡ್ದ, ಏನೂ ಮಾತಾಡ್ಲಿಲ್ಲ. ಸುಮ್ನೆ ದುಡ್ಡು ದಂಡ ಮಾಡ್ತಾನಲ್ಲ ಅಂತ ನೋಡ್ತಿದ್ದಾನೆ ಅನ್ಕೊಂಡೆ. ಅದು ಆ ನೋಟ ಅಲ್ಲ ಅಂತ ಈಗ ಗೊತ್ತಾಯ್ತು.

ನನಗೆ ಭಯ ಇದ್ದಿದ್ದು ಇಂಜಿನ್ ಮೇಲೆ. ಇಷ್ಟು ವರ್ಷ ನಿಂತಿದೆ, ಜಾಮ್ ಆಗಿರುತ್ತೆ ಅಂತ. ಮೇಸ್ತ್ರಿ ಇಂಜೆಕ್ಟರ್ ಬಿಚ್ಚಿ ಮೂರೂ ಸಿಲಿಂಡರಿಗೆ ಒಂದೊಂದು ಲೋಟ ಡೀಸೆಲ್ ಬಿಟ್ಟು ಎರಡು ದಿನ ಬಿಟ್ರು, ಆಮೇಲೆ ಫ್ಯಾನ್ ಬೆಲ್ಟ್ ಹಿಡ್ಕೊಂಡು ಅಲ್ಲಾಡಿಸಿದ್ರೆ ಕಿರ್ ಅಂತ ತಿರುಗ್ತು. ಹೊಸ ಫಿಲ್ಟರ್ ಹಾಕಿ, ಏರ್ ಲಾಕ್ ತೆಗೆದು, ಹೊಸ ಟ್ರ್ಯಾಕ್ಟರ್ ಬ್ಯಾಟರಿ ಕೊಟ್ಟು ನಾಲ್ಕು ಸಲ ಸೆಲ್ಫ್ ಹೊಡೆದಿದ್ದಕ್ಕೆ ಬೆಳ್ಳಗೆ ಹೊಗೆ ಕಾರ್ಕೊಂಡು ಸ್ಟಾರ್ಟ್ ಆಗೇಬಿಡ್ತು! ಅಮ್ಮ ಅಡಿಗೆ ಮನೆಯಿಂದ ಸೌಟು ಹಿಡ್ಕೊಂಡೇ ಓಡಿ ಬಂದ್ಲು. ನಾನು ವಿಡಿಯೋ ಮಾಡಿ ಸ್ಟೇಟಸ್ ಹಾಕ್ದೆ, ಕೆಲಸ ಮುಗೀತು ಅನ್ಕೊಂಡೆ. ದಡ್ಡ.

ಮೊದಲು ಸಿಕ್ಕಿದ್ದು ನೀರು. ಗೇರ್ ಬಿದ್ದಾಗ ಒಂಥರ ಗೊರಗೊರ ಅಂತಿತ್ತು, ಎಣ್ಣೆ ನೋಡಾಣ ಅಂತ ಕೆಳಗಿನ ಡ್ರೈನ್ ಪ್ಲಗ್ ಬಿಚ್ಚಿದ್ರೆ ಎಣ್ಣೇನೇ ಬರ್ಲಿಲ್ಲ, ನೀರು ಬಂತು. ನೀರು ಎಣ್ಣೆಗಿಂತ ಭಾರ ಅಲ್ವಾ, ಕೆಳಗೆ ಕೂತಿತ್ತು, ಹತ್ತಿರ ಹತ್ತಿರ ಒಂದು ಬಿಂದಿಗೆ ಆಗ್ತಿತ್ತೇನೋ. ಅದು ಮುಗಿದ ಮೇಲೆ ಮಜ್ಜಿಗೆ ಥರ ಬೆಳ್ಳಗಿರೋದು ದಪ್ಪಗೆ ಇಳೀತು. ಎಲ್ಲಿಂದ ಹೋಯ್ತಪ್ಪ ಅಂದ್ರೆ ಗೇರ್ ಲಿವರ್ ಬುಡದಲ್ಲಿ ಒಂದು ಬೂಟ್ ರಬ್ಬರ್ ಇರುತ್ತೆ, ನಲವತ್ತು ಐವತ್ತು ರೂಪಾಯಿದು, ಅದು ಬಿರುಕು ಬಿಟ್ಟಿತ್ತು. ಪ್ರತಿ ಮಳೆಗಾಲ ಲಿವರ್ ಹಿಡ್ಕೊಂಡು ನೀರು ಜಾರಿ ಒಳಗೆ ಹೋಗಿದೆ. ಈ ಗಾಡೀಲಿ ಗೇರಿಗೂ ಲಿಫ್ಟಿಗೂ ಹಿಂದಿನ ಆಕ್ಸಲಿಗೂ ಒಂದೇ ಎಣ್ಣೆ, ಮೂವತ್ತು ಲೀಟರ್ ಮೇಲೆ ಹಿಡಿಯುತ್ತೆ, ಲಿಫ್ಟಿನ ಪಂಪು ಆ ಎಣ್ಣೆ ಒಳಗೇ ಮುಳುಗಿ ಕೂತಿರುತ್ತೆ. ಅಂದ್ರೆ ಒಂದು ಕಡೆ ನೀರು ಹೋದ್ರೆ ಎಲ್ಲಾ ಕಡೆ ಹೋದಂಗೆ. ಪಂಪ್ ಈಚೆ ತೆಗೆದಾಗ ವಾಲ್ವ್ ಎಲ್ಲಾ ತುಕ್ಕು ಹಿಡಿದು, ಮುಟ್ಟಿದ್ರೆ ಕೈಗೆ ಕೆಂಪು ಬರ್ತಿತ್ತು. ಬೇರಿಂಗ್ ಮೇಲೆ ಸಣ್ಣ ಸಣ್ಣ ಗುಳಿ, ಸಿಡುಬು ಬಂದ ಮುಖದ ಥರ.

ರೇಡಿಯೇಟರ್ ಕಥೆ ಬೇಗ ಮುಗಿಸ್ತೀನಿ. ಕೆಳಗಿನ ಹೋಸ್ ಬಿಚ್ಚಿದ್ರೆ ಹಳದಿ ಕೆಸರು. ನಾನು ಏನೋ ಕೆಮಿಕಲ್ ಅನ್ಕೊಂಡೆ. ಮೇಸ್ತ್ರಿ ಮೂಸಿ ನೋಡಿ ನಕ್ಕು, "ಅರಿಶಿಣ ಕಣಪ್ಪ" ಅಂದ್ರು. ಲೀಕ್ ನಿಲ್ಲಕ್ಕೆ ಅರಿಶಿಣ ಪುಡಿ ಹಾಕೋದು ನಮ್ ಕಡೆ ಹಳೇ ವೈದ್ಯ, ಹೊಲದಲ್ಲಿ ಕೈಕೊಟ್ಟಾಗ ಒಂದೊಪ್ಪತ್ತಿಗೆ ನಿಜವಾಗ್ಲೂ ನಿಲ್ಲುತ್ತೆ. ಆದ್ರೆ ಅದರ ಜೊತೆ ಬೋರ್‌ವೆಲ್ಲಿನ ಉಪ್ಪುನೀರು ವರ್ಷಗಟ್ಟಲೆ ಸೇರಿ ಟ್ಯೂಬ್ ಒಳಗೆಲ್ಲಾ ಗಾರೆ ಕಟ್ಟಿತ್ತು. ಕೋರ್ ಹೊಸದು ಹಾಕಿಸಿದ್ವಿ. ಅಪ್ಪನ್ನ ಕೇಳಿದ್ರೆ "ನಾನಲ್ಲ, ನಿನ್ ತಾತ" ಅಂದ. ಸತ್ತವರು ಬಂದು ಸಾಕ್ಷಿ ಹೇಳ್ತಾರಾ.

ಈಗ ಶನಿವಾರಕ್ಕೆ ಬರ್ತೀನಿ. ಗಾಡಿ ಎರಡಾದ ಮೇಲೆ ಮೇಸ್ತ್ರಿ ಕ್ಲಚ್ ಕಡೆ ನೋಡ್ತಿದ್ರು, ನನಗೆ ಕೆಲಸ ಇರಲಿಲ್ಲ, ಇರಲಿ ಪೇಂಟ್ ಹೊಡಿಯೋಕೆ ಮುಂಚೆ ಕ್ಲೀನ್ ಮಾಡಾಣ ಅಂತ ಡೀಸೆಲ್ಲು ವೈರ್ ಬ್ರಷ್ಷು ತಗೊಂಡು ಗೇರ್‌ಬಾಕ್ಸಿನ ಎಡಗಡೆ, ಕ್ಲಚ್ ಪೆಡಲ್ ಹತ್ರ ಉಜ್ಜಕ್ಕೆ ಶುರು ಮಾಡ್ದೆ. ಮೇಲೆ ಬೆರಳು ದಪ್ಪ ಗ್ರೀಸು ಮಣ್ಣು. ಅದರ ಕೆಳಗೆ ಬೂದು ಬಣ್ಣ. ಆ ಬಣ್ಣ ಯಾಕೋ ಅಲ್ಲಿ ಮಾತ್ರ ನುಣ್ಣಗಿತ್ತು. ಬೀಡಿನ (ಎರಕದ ಕಬ್ಬಿಣದ) ಮೈ ಅಂದ್ರೆ ಒರಟು ಒರಟಾಗಿ, ನಿಪ್ಪಟ್ಟಿನ ಥರ ಇರ್ಬೇಕು, ಇದು ಮೊಸರು ಕೆನೆ ಇದ್ದಂಗೆ ಇತ್ತು. ಪಟ್ಟಿ ತಗೊಂಡು ಒಂದು ಮೂಲೇಲಿ ಕೆರೆದೆ. ಅಂಗೈ ಅಗಲದ ಚಕ್ಕೆ ಒಂದು ಟಪ್ ಅಂತ ಕೆಳಗೆ ಬಿತ್ತು. ಎಂಸೀಲು. ಅದರ ಹಿಂದೆ ಕಪ್ಪು ಬೀಡಿನ ಮೇಲೆ ಹಳದಿ ಗೆರೆ, ಒಂದು ಗೇಣು ಉದ್ದ, ಬಿಸಿಲಿಗೆ ಮಿಂಚ್ತಿದೆ. ಪಿತ್ತಾಳೆ! ಯಾರೋ ಗ್ಯಾಸ್ ವೆಲ್ಡಿಂಗಲ್ಲಿ ಪಿತ್ತಾಳೆ ತುಂಬಿ ಸೀಳು ಮುಚ್ಚಿದ್ದಾರೆ, ಅದರ ಮೇಲೆ ಎಂಸೀಲ್ ಮೆತ್ತಿದ್ದಾರೆ, ಅದರ ಮೇಲೆ ಬಣ್ಣ.

ಮೇಸ್ತ್ರೀನ ಕರೆದೆ. ಅವರು ಬಂದು ಬಗ್ಗಿ ನೋಡಿ, ನನ್ನ ಹತ್ರ ಏನೂ ಹೇಳ್ದೆ ಅಮ್ಮನ ಹತ್ರ ಹೋಗಿ, "ತಾಯಿ, ಒಂಚೂರು ಸೀಮೆಎಣ್ಣೆ ಕೊಡಿ, ಮಕ್ಕಳ ಸೀಮೆಸುಣ್ಣ ಇದ್ರೆ ಅದೊಂದು" ಅಂದ್ರು. ಸೀಮೆಎಣ್ಣೆ ಈಗ ಎಲ್ಲಿ ಸಿಗುತ್ತೆ, ಪುಣ್ಯಕ್ಕೆ ಅಟ್ಟದ ಮೇಲೆ ಹಳೇ ಬಾಟ್ಲೀಲಿ ತಳ ಇತ್ತು. ಆ ಜಾಗಕ್ಕೆ ಸೀಮೆಎಣ್ಣೆ ಸವರಿ, ಒಂದು ಬೀಡಿ ಸೇದೋ ಹೊತ್ತು ಬಿಟ್ಟು, ಬಟ್ಟೇಲಿ ಒರೆಸಿ ಒಣಗಿಸಿ, ಮೇಲೆ ಸೀಮೆಸುಣ್ಣ ಉಜ್ಜಿ ಬೆಳ್ಳಗೆ ಮಾಡಿದ್ರು. "ಈಗ ನೋಡ್ತಿರು ಮಗ" ಅಂದ್ರು. ಸೀಳಿದ್ರೆ ಅದರೊಳಗೆ ಸೀಮೆಎಣ್ಣೆ ಇಳಿದಿರುತ್ತೆ, ಒರೆಸಿದ್ರೂ ಹೋಗಲ್ಲ, ಮೆಲ್ಲಗೆ ಈಚೆ ಬಂದು ಸುಣ್ಣಾನ ಒದ್ದೆ ಮಾಡುತ್ತೆ. ಐದು ನಿಮಿಷ ಆಗಿಲ್ಲ, ಪಿತ್ತಾಳೆ ಮುಗಿಯೋ ತುದಿಯಿಂದ ಒಂದು ಕೂದಲೆಳೆಯಂಥ ಕಪ್ಪು ಗೆರೆ ಮೂಡಕ್ಕೆ ಶುರುವಾಯ್ತು. ನಮ್ಮ ಕಣ್ಣೆದುರೇ ಯಾರೋ ಒಳಗಿಂದ ಪೆನ್ಸಿಲಲ್ಲಿ ಬರೀತಿದ್ದಂಗೆ. ಮೇಲ್ಗಡೆ ಎರಡು ಇಂಚು, ಕೆಳಗಡೆ ಇನ್ನೂ ಜಾಸ್ತಿ, ನೇರ ಬೋಲ್ಟ್ ತೂತಿನ ಕಡೆಗೆ. ಸೀಮೆಎಣ್ಣೆ, ಸೀಮೆಸುಣ್ಣ, ಈ ಟ್ರ್ಯಾಕ್ಟರಿನ ಹೆಸರೂ ಡಿಸೈನೂ ಸೀಮೆಯಿಂದಾನೇ ಬಂದಿದ್ದು, ಮೂರೂ ಸೇರ್ಕೊಂಡು ನನ್ನ ಹೊಟ್ಟೆ ಉರಿಸಿದ್ವು.

ಮೇಸ್ತ್ರಿ ಹೇಳಿದ್ದು ಇಷ್ಟು. ಬೀಡು ಅನ್ನೋದು ಬಗ್ಗಲ್ಲ, ಭಾರ ಜಾಸ್ತಿ ಆದ್ರೆ ಸೀಳುತ್ತೆ. ಸೀಳಿದ ಮೇಲೆ ಬರೀ ಮೇಲ್ಗಡೆ ತುಂಬಿದ್ರೆ ಆಗಲ್ಲ, ಎರಡು ತುದೀಲೂ ಮೊದಲು ಸಣ್ಣ ತೂತು ಕೊರೀಬೇಕು, ಆಗ ಸೀಳು ಆ ತೂತಿಗೆ ಬಂದು ನಿಲ್ಲುತ್ತೆ. ಇದಕ್ಕೆ ಆ ತೂತು ಹೊಡೆದಿಲ್ಲ. ಅರ್ಜೆಂಟಲ್ಲಿ ಮಾಡಿದ ಕೆಲಸ. "ಆದ್ರೂ ಕೈ ಒಳ್ಳೇದು, ಪಿತ್ತಾಳೆ ಹಿಡ್ದದೆ, ಯಾರೋ ಹಳೇ ಕೆಲಸಗಾರ" ಅಂತ ಮೆಚ್ಕೊಂಡ್ರು ಬೇರೆ.

ಅಪ್ಪ ಅಷ್ಟೊತ್ತಿಗೆ ಗದ್ದೆಯಿಂದ ಬಂದ. ಸುಣ್ಣ ಬಳಿದಿದ್ದು ನೋಡ್ದ. ಕೈಕಾಲು ತೊಳೆಯಕ್ಕೆ ಹೋದ. ಊಟಕ್ಕೆ ಕೂತಾಗ್ಲೂ ಆ ಮಾತಿಲ್ಲ. ರಾತ್ರಿ ಜಗಲಿ ಮೇಲೆ ಎಲೆ ಅಡಿಕೆ ಹಾಕ್ಕೊಂಡ ಮೇಲೆ ತಾನಾಗೇ ಶುರು ಮಾಡ್ದ.

2003. ಅದರ ಹಿಂದಿನ ವರ್ಷ ಕಾವೇರಿ ಗಲಾಟೆ, ನಾಲೇಲಿ ನೀರಿಲ್ಲ, ಕಬ್ಬು ನಿಂತಲ್ಲೇ ಒಣಗಿತ್ತು. ಟ್ರ್ಯಾಕ್ಟರಿಗೆ ಕಬ್ಬು ಹೊಡಿಯೋ ಬಾಡಿಗೆ ಇಲ್ಲ, ಉಳುಮೆ ಇಲ್ಲ, ಬ್ಯಾಂಕಿನವರು ಮಾತ್ರ ತಪ್ಪದೆ ಬರೋರು. ತಾತ ಯುಗಾದಿ ಜಾತ್ರೆಗೆ ಮಾದಪ್ಪನ ಬೆಟ್ಟಕ್ಕೆ ನಡ್ಕೊಂಡು ಹೋಗಿತ್ತು. ಇಟ್ಟಿಗೆ ಹೊಡಿಯಕ್ಕೆ ಹೋಗ್ಬೇಡ, ನಮ್ ಗಾಡಿ ತಡಿಯಲ್ಲ ಅಂತ ಹೇಳೇ ಹೋಗಿತ್ತು. ಅಪ್ಪ ಹೋದ. ಗೂಡಿನವನು ಟ್ರೈಲರಿಗೆ ಮೂರು ಸಾವಿರ ಇಟ್ಟಿಗೆ ಏರಿಸ್ದ. ನಾಲೆ ಏರಿ ಹತ್ತೋವಾಗ ಟ್ರ್ಯಾಕ್ಟರ್ ಮೂತಿ ಎತ್ತಿಬಿಡ್ತು. ಅದು ನಮ್ ಕಡೆ ಹೊಸದಲ್ಲ, ಕಬ್ಬಿನ ಲೋಡಲ್ಲಿ ಮುಂದಿನ ಚಕ್ರ ಏಳ್ಬಾರ್ದು ಅಂತ ಬಂಪರ್ ಮೇಲೆ ಇಬ್ಬರು ಹುಡುಗರನ್ನ ನಿಲ್ಸ್ಕೊಂಡು ಹೋಗೋರು, ನೆನೆಸಿಕೊಂಡ್ರೆ ಈಗ ಮೈ ಜುಮ್ಮನ್ನುತ್ತೆ. ಅವತ್ತು ಅಪ್ಪ ಒಬ್ಬನೇ. ಎದೆ ಝಲ್ ಅಂದು ಕ್ಲಚ್ ತುಳಿದ. ಎದೆ ಮಟ್ಟ ಎದ್ದಿದ್ದ ಮೂತಿ ಧಡ್ ಅಂತ ನೆಲಕ್ಕೆ ಬಿತ್ತು. "ತೆಂಗಿನಕಾಯಿ ಹೊಡ್ದಂಗೆ ಸದ್ದು ಬಂತು ಕಣ್ಲಾ. ಟೈರೋ ಏನೋ ಅನ್ಕೊಂಡೆ."

ತಾತ ಬರಕ್ಕೆ ನಾಲ್ಕು ದಿನ ಇತ್ತು. ಅಮ್ಮನ ಓಲೆ ಅಡ ಇಟ್ಟು, ಒಬ್ಬ ಗ್ಯಾಸ್ ವೆಲ್ಡಿಂಗಿನವನನ್ನ ಮನೆಗೇ ಕರ್ಕೊಂಡು ಬಂದು ರಾತ್ರಿ ಪೂರ್ತಿ ಕೂರಿಸಿ ಮಾಡಿಸಿದ್ದಾನೆ. ಅಮ್ಮ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದವಳು, "ಬಿಡಿಸ್ಕೊಡ್ತೀನಿ ಅಂದಿದ್ರಿ, ಮರ್ತೇಬಿಟ್ರಿ" ಅಂದ್ಲು. ಇಪ್ಪತ್ತು ವರ್ಷದಿಂದ ಇಟ್ಕೊಂಡಿದ್ದ ಮಾತು.

ತಾತ ಜಾತ್ರೆಯಿಂದ ಬಂದು, ಪ್ರಸಾದ ಕೊಟ್ಟು, ಹಿತ್ಲಿಗೆ ಹೋಗಿ ಗಾಡಿ ಸುತ್ತ ಒಂದು ಸುತ್ತು ಹಾಕ್ತಂತೆ.

"ಬಣ್ಣ ಯಾಕ್ಲಾ ಹೊಡಿಸ್ದೆ?"

"ಯುಗಾದಿ ಹಬ್ಬ ಅಲ್ವಾ."

"ಅರ್ಧಕ್ಕೇನಾ ಹಬ್ಬ?"

ಅಪ್ಪ ಗೇರ್‌ಬಾಕ್ಸಿಗೆ ಮಾತ್ರ ಬಣ್ಣ ಹೊಡಿಸಿದ್ದ, ದುಡ್ಡು ಅಷ್ಟೇ ಇತ್ತು. ತಾತ ಅದಾದ ಮೇಲೆ ಏನೂ ಕೇಳ್ಲಿಲ್ವಂತೆ, ಆದ್ರೆ ಸಾಯೋವರ್ಗೂ ಗಾಡಿ ಕೀ ಮಾತ್ರ ತನ್ನ ಉಡದಾರಕ್ಕೇ ಕಟ್ಕೊಂಡಿತ್ತು. ಅದು ನನಗೂ ನೆನಪಿದೆ, ಸ್ನಾನ ಮಾಡೋವಾಗ್ಲೂ ಬಿಚ್ತಿರಲಿಲ್ಲ, ಮುದುಕನಿಗೆ ಗಾಡಿ ಹುಚ್ಚು ಅಂತ ನಾವು ಮಕ್ಕಳೆಲ್ಲಾ ನಗ್ತಿದ್ವಿ.

ಭಾನುವಾರ ಬೆಳಿಗ್ಗೆ ಲೆಕ್ಕಕ್ಕೆ ಕೂತ್ವಿ. ಒಂದು ದಾರಿ, ಹಳೇ ಪಿತ್ತಾಳೆ ಎಲ್ಲಾ ಗ್ರೈಂಡ್ ಮಾಡಿ ತೆಗೆದು, ತುದಿಗೆ ತೂತು ಹೊಡೆದು, ಇಡೀ ಹೌಸಿಂಗ್ (ಗೇರ್‌ಬಾಕ್ಸಿನ ಹೊರಗಿನ ಬೀಡಿನ ಕವಚ) ಕಾಯಿಸಿ, ನಿಕ್ಕಲ್ ರಾಡಲ್ಲಿ ಒಂದೊಂದೇ ಇಂಚು ವೆಲ್ಡಿಂಗ್ ಮಾಡಿ, ಬೂದೀಲಿ ಮುಚ್ಚಿ ನಿಧಾನಕ್ಕೆ ಆರಿಸೋದು. ಬೇಗ ಆರಿದ್ರೆ ಪಕ್ಕದಲ್ಲೇ ಮತ್ತೆ ಸೀಳುತ್ತೆ. ಅದಕ್ಕೆ ಒಳಗಿರೋ ಗೇರೆಲ್ಲಾ ಬಿಚ್ಬೇಕು. ಇನ್ನೊಂದು ದಾರಿ, ಗುಜರೀಲಿ ಬೇರೆ ಹೌಸಿಂಗ್ ಹುಡುಕೋದು, ಹದಿನಾಲ್ಕು ಸಾವಿರ ಅಂತ ಫೋನಲ್ಲಿ ಹೇಳ್ದ ಒಬ್ಬ, ಅದರ ಎಂಸೀಲ್ ಕೆಳಗೆ ಯಾರ ಕಥೆ ಇದೆಯೋ ಯಾರಿಗ್ಗೊತ್ತು. ನಾನು ವೆಲ್ಡಿಂಗೇ ಆಗ್ಲಿ ಅಂದೆ. ಸೀಳಿರೋದು ಒಂದೇ ಕಡೆ ಅಲ್ವಾ, ತಡಿಯುತ್ತೆ ಅಂತ ಮೇಸ್ತ್ರೀನೂ ಅಂದ್ರು.

ಅಪ್ಪ ಕಾಫಿ ಲೋಟ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ದ. ಗಂಟಲು ಸರಿ ಮಾಡ್ಕೊಂಡ.

"ಬಲಗಡೆ ನೋಡಿದ್ರಾ? ಬ್ರೇಕ್ ಪೆಡಲ್ ಹಿಂದ್ಗಡೆ?"

ಮೇಸ್ತ್ರಿ ನನ್ನ ಮುಖ ನೋಡಿದ್ರು, ನಾನು ಅಪ್ಪನ ಮುಖ ನೋಡ್ದೆ. ಅಪ್ಪ ಲೋಟ ತಗೊಂಡು ಒಳಗೆ ಹೋಗ್ಬಿಟ್ಟ. ಬಾಟ್ಲೀಲಿ ಸೀಮೆಎಣ್ಣೆ ಇನ್ನೊಂಚೂರು ಇತ್ತು, ಸಾಕಾಯ್ತು.